ಎಚ್ಚರಕ್ಕೊಂದು ಗಡುವು

ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಬೇಸಿಗೆಯ ರಾತ್ರಿ. ಒಂದೇ ಮನೆಯಲ್ಲಿ ಅಪ್ಪ, ಮಗಳು ಇಬ್ಬರೂ ನಿದ್ದೆಗೆಟ್ಟು ಕೂತಿದ್ದರು. ಅಪ್ಪ ತ್ರೀ ಫೇಸ್ ಕರೆಂಟಿಗಾಗಿ ಕಾಯುತ್ತಿದ್ದರು. ಅದು ಬಂದ ಕೂಡಲೇ ಟಾರ್ಚು ಹಿಡಿದು ಹೋಗಿ ಅಡಿಕೆ ತೋಟದ ಬೋರಿನ ಮೋಟ್ರು ಹಾಕಬೇಕು. ಮಗಳು ಲ್ಯಾಪ್‌ಟಾಪ್ ಮುಂದೆ ಕೂತು ಹತ್ತು ನಿಮಿಷಕ್ಕೊಮ್ಮೆ ಮೌಸ್ ಅಲ್ಲಾಡಿಸುತ್ತಿದ್ದಳು. ಬೆಂಗಳೂರಿನ ಕಚೇರಿಗೆ ದೊಡ್ಡ ಕಡತಗಳು ಅಪ್‌ಲೋಡ್ ಆಗುತ್ತಿದ್ದವು; ಹಳ್ಳಿಯ ಇಂಟರ್‌ನೆಟ್‌ನಲ್ಲಿ ಅದು ನಾಲ್ಕು ಗಂಟೆಯ ಕೆಲಸ. ಹಿಂದಿನ ರಾತ್ರಿ ಅದನ್ನೇ ಶುರುಮಾಡಿ ಮಲಗಿದ್ದಳು. ಹದಿನೈದು ನಿಮಿಷ ಯಾರೂ ಮುಟ್ಟದ ಲ್ಯಾಪ್‌ಟಾಪ್ ತಾನೂ ಮಲಗಿತ್ತು. ಬೆಳಿಗ್ಗೆ ನೋಡಿದರೆ ಹತ್ತರಲ್ಲಿ ಒಂದು ಪಾಲೂ ಹೋಗಿರಲಿಲ್ಲ.

ಈಕೆ ನನ್ನ ಹಳೆಯ ವಿದ್ಯಾರ್ಥಿನಿ. ತುಮಕೂರಿನ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತಿದ್ದಾಗ ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದಳು. ಮರುದಿನ ಫೋನ್ ಮಾಡಿ, "ಸಾರ್, ಕಂಪ್ಯೂಟರ್ ನಿದ್ದೆಗೆ ಹೋಗದ ಹಾಗೆ ಮಾಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು?" ಎಂದು ಕೇಳಿದಳು. ಎರಡು ನಿಮಿಷದಲ್ಲಿ ಉತ್ತರ ಕೊಟ್ಟು ಫೋನಿಟ್ಟೆ. ನಾನು ಕೊಟ್ಟದ್ದು ತಪ್ಪು ಉತ್ತರ. ಅದು ತಪ್ಪೆಂದು ನನಗೆ ಹೇಗೆ ತಿಳಿಯಿತು ಎಂಬುದೇ ಈ ಪ್ರಕರಣ.

ನಾನು ಹೇಳಿದ್ದು ಒಂದು ಪುಟ್ಟ ಉಚಿತ ಪ್ರೋಗ್ರಾಂ. ನಿಮಿಷಕ್ಕೊಮ್ಮೆ ಯಾರೋ ಕೀಲಿ ಒತ್ತಿದರೆಂದು ಕಂಪ್ಯೂಟರನ್ನು ನಂಬಿಸುವುದು ಅದರ ಕೆಲಸ. ಒತ್ತುವುದು ಎಫ್-15 ಎಂಬ ಕೀಲಿ. ನಮ್ಮ ಸಾಮಾನ್ಯ ಕೀಲಿಮಣೆ ಎಫ್-12ಕ್ಕೆ ಮುಗಿಯುವುದರಿಂದ ಬೇರೆ ಕೆಲಸಕ್ಕೆ ಅದರಿಂದ ಅಡ್ಡಿಯಾಗುವುದಿಲ್ಲ. ಎದುರಿಗೆ ಯಾರೋ ಕೂತಿದ್ದಾರೆಂದು ಯಂತ್ರಕ್ಕೆ ಅನಿಸುತ್ತದೆ, ಅಷ್ಟೆ. ಆ ರಾತ್ರಿ ಅಪ್‌ಲೋಡ್ ಮುಗಿಯಿತು, ಹುಡುಗಿಗೆ ನಿದ್ದೆಯೂ ಸಿಕ್ಕಿತು. ಕೆಲಸ ಮುಗಿದ ಮೇಲೆ ಅವಳು ಅದನ್ನು ತೆಗೆಯಲಿಲ್ಲ. ತೆಗೆಯಬೇಕೆಂದು ನಾನೂ ಹೇಳಿರಲಿಲ್ಲ.

ಎರಡು ವಾರ ಕಳೆದು ಮತ್ತೆ ಫೋನ್ ಬಂತು. ಮನೆಗೆ ನೆಂಟರು ಬಂದಿದ್ದರಂತೆ. ಅವಳು ಅಡುಗೆಮನೆಯಲ್ಲಿದ್ದಾಗ ನಡುಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು. ಪರದೆಯ ಮೇಲೆ ಒಂದು ಕಾರ್ಖಾನೆಯ ನೌಕರರ ಸಂಬಳದ ಪಟ್ಟಿ: ಹೆಸರು, ಬ್ಯಾಂಕ್ ಖಾತೆ, ಸಾಲದ ಕಡಿತ. ನೆಂಟರೊಬ್ಬರಿಗೆ ಅದರಲ್ಲಿ ಪರಿಚಯದ ಹೆಸರು ಕಂಡಿತು. ಊಟಕ್ಕೆ ಕೂತಾಗ ಆ ಮನುಷ್ಯನ ಸಾಲದ ಮಾತು ತೆಗೆದರು. ಹುಡುಗಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಐದು ನಿಮಿಷ ಮುಟ್ಟದಿದ್ದರೆ ಪರದೆಗೆ ತಾನಾಗಿ ಬೀಗ ಬೀಳಬೇಕೆಂದು ಕಚೇರಿಯವರು ಮಾಡಿಟ್ಟಿದ್ದರು. ನಿಮಿಷಕ್ಕೊಂದು ಸುಳ್ಳು ಕೀಲಿ ಬೀಳುತ್ತಿದ್ದರೆ ಆ ಐದು ನಿಮಿಷ ತುಂಬುವುದೇ ಇಲ್ಲ. ನಿದ್ದೆ ತಡೆಯಲೆಂದು ನಾನು ಕೊಟ್ಟ ಉಪಾಯ, ಬಾಗಿಲ ಚಿಲಕವನ್ನೂ ತೆಗೆದಿಟ್ಟಿತ್ತು.

ಅದೇ ಫೋನಿನಲ್ಲಿ ಅವಳು ಇನ್ನೊಂದು ಮಾತೂ ಕೇಳಿದಳು. ಜೊತೆಗೆ ಕೆಲಸ ಮಾಡುವವಳೊಬ್ಬಳು ಮೌಸ್ ಜಿಗ್ಲರ್ ಎಂಬ ಸಾಧನ ತರಿಸಿಕೊಳ್ಳಲು ಹೇಳಿದ್ದಳಂತೆ. ಯುಎಸ್‌ಬಿಗೆ ಚುಚ್ಚಿದರೆ ಸಾಕು, ಮೌಸ್ ಸುಮ್ಮನೆ ಆಡುತ್ತಲೇ ಇರುತ್ತದೆ. ಕಚೇರಿಯ ಚಾಟ್‌ನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕಿ ಆರುವುದೇ ಇಲ್ಲ. "ಅದೂ ನೀವು ಹೇಳಿದ್ದೂ ಒಂದೇ ಅಲ್ವಾ ಸಾರ್?"

ತಕ್ಷಣ ಉತ್ತರ ಹೊಳೆಯಲಿಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ ಒಂದು ಡಜನ್‌ಗೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆದ ಸುದ್ದಿ ನೆನಪಾಯಿತು. ಕೀಲಿಮಣೆಯ ಚಟುವಟಿಕೆಯನ್ನು ನಕಲಿ ಮಾಡಿ, ಕೆಲಸ ನಡೆಯುತ್ತಿದೆಯೆಂದು ತೋರಿಸಿದರು ಎಂಬುದು ಅವರ ಮೇಲಿದ್ದ ಆರೋಪ. ಈ ಹುಡುಗಿಯ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ. ರಾತ್ರಿಯೆಲ್ಲ ಕೂತು ಕೆಲಸ ಮುಗಿಸಲು ನೋಡಿದವಳು ಅವಳು. ಆದರೂ ಅವಳ ಕೈಗೆ ನಾನು ಕೊಟ್ಟಿದ್ದ ಉಪಕರಣ ಅದೇ ಜಾತಿಯದು. ಉದ್ದೇಶ ಒಳ್ಳೆಯದಿದ್ದರೆ ಸಾಧನ ಯಾವುದಾದರೂ ಸರಿ ಎಂದುಕೊಂಡದ್ದು ನನ್ನ ತಪ್ಪು.

ಭಾನುವಾರ ಅವರ ಊರಿಗೆ ಹೋದೆ. ಅವಳಪ್ಪ ತೋಟ ತೋರಿಸುತ್ತ ಪಂಪ್‌ಹೌಸಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಡಬ್ಬಿಯತ್ತ ಕೈ ತೋರಿದರು. ಆಟೋ ಸ್ಟಾರ್ಟರ್. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಆದರೆ ತ್ರೀ ಫೇಸ್ ಸಿಗುವುದು ಕೆಲವೇ ಗಂಟೆ, ಅದರಲ್ಲೂ ಒಂದು ಪಾಲು ರಾತ್ರಿ. ನಿದ್ದೆಗೆಡಲಾರದ ರೈತರು ಆಟೋ ಹಾಕಿಟ್ಟು ಮಲಗುತ್ತಾರೆ. ಕರೆಂಟು ಬಂದ ಗಳಿಗೆಯಲ್ಲಿ ಮೋಟ್ರು ತಾನೇ ಶುರುವಾಗುತ್ತದೆ.

"ನೀವ್ಯಾಕೆ ತೆಗೆದಿರಿ?" ಎಂದು ಕೇಳಿದೆ.

"ಕರೆಂಟು ಬಂದ ತಕ್ಷಣ ಊರಿನ ಮೋಟ್ರೆಲ್ಲ ಒಟ್ಟಿಗೇ ಎದ್ದರೆ ಟೀಸಿ, ಅದೇ ಟ್ರಾನ್ಸ್‌ಫಾರ್ಮರು, ತಡೆಯಲ್ಲ ಮೇಷ್ಟ್ರೇ. ಹೋದ ವರ್ಷ ಸುಟ್ಟೋಯ್ತು. ಹೊಸದು ಬರೋ ತನಕ ಯಾರ ತೋಟಕ್ಕೂ ನೀರಿಲ್ಲ. ಆಟೋ ಹಾಕದೇ ಇದ್ದವರ ತೋಟವೂ ಒಣಗಿತು."

ಆ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆಟೋ ಹಾಕಿದವನ ಕಷ್ಟ ನಿಜ, ಅವನಿಗೆ ಬೇಕಾದ ನಿದ್ದೆಯೂ ನ್ಯಾಯವಾದದ್ದೇ. ಆದರೆ ಅವನು ಮಲಗಿರುವಾಗ ಅವನ ಹೆಸರಿನಲ್ಲಿ ಒಂದು ಯಂತ್ರ ಎದ್ದಿರುತ್ತದೆ. ಬಾವಿಯಲ್ಲಿ ನೀರಿದೆಯೋ ಇಲ್ಲವೋ, ಪಾತಿ ತುಂಬಿತೋ ಇಲ್ಲವೋ ನೋಡುವವರಿಲ್ಲ. ನಷ್ಟವಾದರೆ ಬೀಳುವುದು ಬೇರೆಯವರ ಮೇಲೂ. ನೆಂಟರ ಬಾಯಿಗೆ ಬಿದ್ದ ಆ ಕಾರ್ಖಾನೆಯ ನೌಕರನೂ ಹೀಗೇ: ನಾನು ಯಾರೋ, ಅವನು ಯಾರೋ, ನನ್ನ ಸಲಹೆಗೆ ಬೆಲೆ ತೆತ್ತವನು ಅವನು.

ಹಾಗಾದರೆ ಕಂಪ್ಯೂಟರನ್ನು ಎಚ್ಚರವಾಗಿಡುವುದೇ ತಪ್ಪೇ? ಖಂಡಿತ ಅಲ್ಲ. ಯಂತ್ರದ ನಿದ್ದೆಗೆ ಒಂದು ಸದುದ್ದೇಶವಿದೆ. ಯಾರೂ ಬಳಸದ ಕಂಪ್ಯೂಟರುಗಳು ಸುಮ್ಮನೆ ವಿದ್ಯುತ್ ಕುಡಿಯಬಾರದೆಂದು ಅಮೆರಿಕದ ಪರಿಸರ ಸಂಸ್ಥೆ 1992ರಲ್ಲಿ ಎನರ್ಜಿ ಸ್ಟಾರ್ ಯೋಜನೆ ತಂದಾಗ ಮೊದಲು ಸೇರಿಸಿದ್ದೇ ಕಂಪ್ಯೂಟರು ಮತ್ತು ಮಾನಿಟರುಗಳನ್ನು. ಆದರೆ ಮನುಷ್ಯ ಎದ್ದುಹೋದ ಮೇಲೂ ಮುಂದುವರಿಯಬೇಕಾದ ಕೆಲಸ ಇರುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಅದನ್ನು ಒಪ್ಪಿಕೊಂಡು ಒಂದು ನೇರ ದಾರಿ ಇಟ್ಟಿವೆ. ಪ್ರೋಗ್ರಾಂ ಒಂದು ತನ್ನ ಹೆಸರು ಹೇಳಿಯೇ ಕೇಳಬಹುದು: ನನಗೆ ಕೆಲಸವಿದೆ, ಮುಗಿಯುವ ತನಕ ಮಲಗಬೇಡ. ವಿಡಿಯೊ ನೋಡುವಾಗ ಪರದೆ ಆರದಿರುವುದು ಹೀಗೆ. ಮ್ಯಾಕ್‌ನ ಕೆಫಿನೇಟ್ ಆದೇಶಕ್ಕೆ ಇಷ್ಟು ಹೊತ್ತು ಎಂದು ಹೇಳಬಹುದು, ಈ ಕೆಲಸ ಮುಗಿಯುವವರೆಗೆ ಎಂದೂ ಹೇಳಬಹುದು. ಲಿನಕ್ಸ್‌ನ ಇದೇ ಬಗೆಯ ಆದೇಶದಲ್ಲಿ ಯಾರು ತಡೆಯುತ್ತಿದ್ದಾರೆ, ಏಕೆ ಎಂದು ಬರೆದಿಡಲು ಜಾಗವೇ ಇದೆ. ವಿಂಡೋಸ್‌ಗೆ ಮೈಕ್ರೋಸಾಫ್ಟ್ ಪವರ್‌ಟಾಯ್ಸ್ ಕಟ್ಟಿನಲ್ಲಿ ಅವೇಕ್ ಎಂಬ ಉಪಕರಣ ಕೊಡುತ್ತದೆ. ಎಷ್ಟು ಗಂಟೆ ಎಂದು ಗಡುವು ಕೊಟ್ಟು, ಪರದೆ ಆರಲು ಬಿಟ್ಟು, ಒಳಗಿನ ಕೆಲಸ ಮಾತ್ರ ನಡೆಯುವಂತೆ ಮಾಡಬಹುದು. ಇಲ್ಲಿ ಯಾರೂ ಇಲ್ಲದ ಕಡೆ ಯಾರೋ ಇದ್ದಾರೆಂದು ಹೇಳುವ ಪ್ರಮೇಯವೇ ಇಲ್ಲ. ಪರದೆಗೆ ಬೀಗ ಹಾಕಿದರೂ ಅಪ್‌ಲೋಡ್ ಒಳಗೆ ಸಾಗುತ್ತಿರುತ್ತದೆ.

ಅದೇ ವಾರ ಪಹಣಿಗಾಗಿ ಕುಣಿಗಲ್‌ಗೆ ಹೋಗಬೇಕಾಯಿತು. ಅರ್ಜಿ ಹಾಕಿಕೊಡುವ ಅಂಗಡಿಯಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಪರದೆಯ ಮೇಲೆ ಹಿಂದಿನವರ ಆಧಾರ್ ಸಂಖ್ಯೆ, ಫೋನ್ ನಂಬರು ಹಾಗೇ ಇದ್ದವು. ಹುಡುಗ ಚಹಾಕ್ಕೆ ಹೋಗಿದ್ದ. ಬಂದ ಮೇಲೆ ಕೇಳಿದೆ. "ಸ್ಲೀಪ್ ಆದ್ರೆ ಮತ್ತೆ ಲಾಗಿನ್ ಆಗ್ಬೇಕು ಸಾರ್, ಓಟಿಪಿ ಬರೋದೇ ತಡ, ಜನ ಕಾಯ್ತಾರೆ" ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು. ಸೆಟ್ಟಿಂಗಿನಲ್ಲಿ 'ಎಂದಿಗೂ ಬೇಡ' ಎಂದು ಆರಿಸಿಟ್ಟು ಮರೆತವರು ಅವನೊಬ್ಬನೇ ಅಲ್ಲ. ನಾನು ನೋಡಿಕೊಳ್ಳುತ್ತಿದ್ದ ಲ್ಯಾಬಿನಲ್ಲೂ ವರ್ಷಗಟ್ಟಲೆ ಹಾಗೇ ಇತ್ತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಹಾಡಿನಲ್ಲಿ ಹೆಸರಾದ ಕುಣಿಗಲ್ ಕೆರೆಯ ಏರಿಯ ಮೇಲೆ ನಿಂತಿದ್ದೆ. ನಮ್ಮ ಸೀಮೆಯ ಕೆರೆಗಳಿಗೆ ನೀರಗಂಟಿ ಇರುತ್ತಿದ್ದ ಕಾಲ ನೆನಪಾಯಿತು. ತೂಬು ಎತ್ತುವವನು ಅವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವವನು ಅವನು, ಹೊತ್ತಾದಾಗ ತೂಬು ಇಳಿಸುವವನೂ ಅವನೇ. ಊರು ಅವನಿಗೆ ಫಸಲಿನಲ್ಲಿ ಪಾಲು ಕೊಡುತ್ತಿದ್ದದ್ದು ಬರೀ ನಿದ್ದೆಗೆಟ್ಟದ್ದಕ್ಕಲ್ಲ, ತೂಬು ಎತ್ತುವ ಹೊತ್ತು, ಇಳಿಸುವ ಹೊತ್ತು ಎರಡನ್ನೂ ತಪ್ಪದೆ ನಡೆಸಿದ್ದಕ್ಕೆ. ಇಳಿಸಲು ಮರೆತರೆ ಕೆರೆಯೇ ಬರಿದಾಗುತ್ತದೆ.

ಕಚೇರಿಯ ಪಾಲಿನ ತಪ್ಪನ್ನೂ ಹೇಳದೆ ಈ ಪ್ರಕರಣ ಮುಗಿಸಿದರೆ ಹುಡುಗಿಗೆ ಅನ್ಯಾಯವಾಗುತ್ತದೆ. ಹಸಿರು ಚುಕ್ಕಿಯಿಂದ ದುಡಿಮೆ ಅಳೆಯುವ ಯಜಮಾನ, ನೌಕರರಿಗೆ ಸುಳ್ಳು ಹೇಳಲು ತಾನೇ ಕಲಿಸುತ್ತಾನೆ. ಕಾಗದದ ಮೇಲೆ ಲೆಕ್ಕ ಹಾಕುತ್ತಿರುವವಳು, ಫೋನಿನಲ್ಲಿ ಗ್ರಾಹಕರೊಂದಿಗೆ ಮಾತಾಡುತ್ತಿರುವವಳು, ಒಂದು ತಪ್ಪು ಎಲ್ಲಿದೆಯೆಂದು ಕಣ್ಣು ಮುಚ್ಚಿ ಯೋಚಿಸುತ್ತಿರುವವಳು, ಇವರೆಲ್ಲ ಆ ಚುಕ್ಕಿಯ ಲೆಕ್ಕದಲ್ಲಿ ಗೈರುಹಾಜರು. ಸುಮ್ಮನೆ ಮೌಸ್ ಆಡಿಸುವವಳು ಹಾಜರು. ಇಂಥ ಅಳತೆಗೋಲನ್ನು ಬಿಡಿ ಎಂದು ಬಾಯಿಬಿಟ್ಟು ಕೇಳುವುದು ನೌಕರರ ಹಕ್ಕು. ಜಿಗ್ಲರ್ ಚುಚ್ಚಿಕೊಂಡವರು ಆ ಹಕ್ಕನ್ನು ತಾವೇ ಬಿಟ್ಟುಕೊಟ್ಟಂತೆ. ನಾಳೆ ಸಿಕ್ಕಿಬಿದ್ದರೆ ಯಜಮಾನನ ತಪ್ಪಿನ ಮಾತು ಎತ್ತಲು ಅವರಿಗೆ ಬಾಯಿರುವುದಿಲ್ಲ.

ಇಷ್ಟನ್ನೂ ಹುಡುಗಿಗೆ ಹೇಳಿದೆ. ಮೊದಲ ಸಲಹೆ ನನ್ನ ಅವಸರದ್ದು, ಕ್ಷಮಿಸು ಎಂದೂ ಹೇಳಿದೆ. ಅವಳು ಆ ಪ್ರೋಗ್ರಾಂ ತೆಗೆದು, ಕಚೇರಿಯ ತಾಂತ್ರಿಕ ವಿಭಾಗಕ್ಕೆ ಪತ್ರ ಬರೆದಳು: ವಾರಕ್ಕೆ ಎರಡು ರಾತ್ರಿ ಅಪ್‌ಲೋಡ್ ಇದೆ, ನಾಲ್ಕು ಗಂಟೆ ಎಚ್ಚರವಿಡಬೇಕು, ಪರದೆಗೆ ಬೀಗ ಹಾಕಿರುತ್ತೇನೆ, ಅನುಮತಿ ಕೊಡಿ. ನೆಂಟರ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅದನ್ನು ಬರೆಯಲು ಅವಳಿಗೆ ಎರಡು ದಿನ ಬೇಕಾಯಿತು. ಎಚ್ಚರಿಕೆಯ ಒಂದು ಪತ್ರ ಬಂತು; ಅದರ ಹಿಂದೆಯೇ ಅನುಮತಿಯೂ ಬಂತು.

ಸಂಬಳದ ಉಳಿತಾಯದಲ್ಲಿ ಅವಳು ಅಪ್ಪನ ಮೋಟ್ರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದಳು. ತ್ರೀ ಫೇಸ್ ಬಂದರೆ ಅದು ಅಪ್ಪನ ಫೋನಿಗೆ ಕರೆ ಮಾಡುತ್ತದೆ. ಹಾಕುವುದೋ ಬಿಡುವುದೋ ಅವರ ತೀರ್ಮಾನ. ಕಳೆದ ಸಲ ನಾನು ಅಲ್ಲಿ ಉಳಿದಿದ್ದ ರಾತ್ರಿ ಎರಡು ಗಂಟೆಗೆ ಫೋನ್ ರಿಂಗಾಯಿತು. ಅವರು ಎದ್ದು ಕೂತು ಸ್ವಲ್ಪ ಯೋಚಿಸಿದರು. "ನಿನ್ನೆ ಮಳೆ ಬಂದೈತೆ, ಇವತ್ತು ಬೇಡ" ಎಂದು ಮಗ್ಗುಲಾದರು. ನಡುಮನೆಯಲ್ಲಿ ಲ್ಯಾಪ್‌ಟಾಪಿನ ಪರದೆ ಆರಿತ್ತು. ಗಡುವಿಗೆ ಇನ್ನೂ ಒಂದು ಗಂಟೆ ಇತ್ತು.