ಆಕಾಶ ನೋಡುವ ಮಗನೂ ನಮ್ಮ ಹೊಣೆಗಾರಿಕೆಯೂ



ಕೆಲವು ವರ್ಷಗಳ ಹಿಂದಿನ ಮಾತು. ಜುಮಾ ನಮಾಝ್ ಮುಗಿಸಿ ಮಸೀದಿಯಿಂದ ಹೊರಬರುತ್ತಿದ್ದಾಗ ಪರಿಚಯದ ಸಹೋದರರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಉಸ್ತಾದರೇ, ನನ್ನ ಮಗನಿಗೆ ನೀವೊಮ್ಮೆ ಬುದ್ಧಿ ಹೇಳಬೇಕು" ಎಂದರು. ಅವರ ಮುಖದಲ್ಲಿದ್ದ ಕಳವಳವನ್ನು ಕಂಡು, ಹುಡುಗ ಯಾವುದೋ ದುಶ್ಚಟಕ್ಕೆ ಬಿದ್ದಿರಬೇಕೆಂದು ನಾನು ಹೆದರಿದೆ. ವಿಚಾರಿಸಿದಾಗ ತಿಳಿದದ್ದು ಇಷ್ಟೆ: ಪಿಯುಸಿ ಓದುತ್ತಿದ್ದ ಹುಡುಗನಿಗೆ ನಕ್ಷತ್ರಗಳ ಹುಚ್ಚು. ರಾತ್ರಿ ತಾರಸಿ ಹತ್ತಿದರೆ ಇಳಿಯುವುದಿಲ್ಲ. ಕೋಣೆಯ ಗೋಡೆಯ ತುಂಬ ರಾಕೆಟ್ಟುಗಳ, ಗ್ರಹಗಳ ಚಿತ್ರಗಳು. "ಇದರಿಂದ ದೀನೂ ಇಲ್ಲ, ದುನಿಯಾವೂ ಇಲ್ಲ. ಬೈನಾಕ್ಯುಲರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ" ಎಂದರು ಆ ತಂದೆ.

ಅಂದು ಸಂಜೆ ನಾನು ಅವರ ಮನೆಗೆ ಹೋದೆ. ಹುಡುಗ ಮಾತಾಡಲಿಲ್ಲ. ಒಂದು ನೋಟ್ ಪುಸ್ತಕವನ್ನು ತಂದು ನನ್ನ ಮುಂದಿಟ್ಟ. ಅದರಲ್ಲಿ ಗುರುಗ್ರಹದ ನಾಲ್ಕು ಚಂದ್ರರು ಪ್ರತಿ ರಾತ್ರಿ ಯಾವ ಸ್ಥಾನದಲ್ಲಿ ಕಂಡರೆಂದು ಚುಕ್ಕಿಗಳಿಟ್ಟು, ದಿನಾಂಕ ಮತ್ತು ಸಮಯವನ್ನು ಬರೆದಿದ್ದ. 1610ರಲ್ಲಿ ಇಟಲಿಯ ಗೆಲಿಲಿಯೋ ತನ್ನ ದೂರದರ್ಶಕದಿಂದ ಕಂಡಿದ್ದ ಅದೇ ನಾಲ್ಕು ಚಂದ್ರರು. ಕೆಲವು ದಿನಾಂಕಗಳ ಮುಂದೆ ಚುಕ್ಕಿಗಳಿರಲಿಲ್ಲ. ಅಲ್ಲಿ "ಮೋಡ. ಏನೂ ಕಾಣಲಿಲ್ಲ" ಎಂದಷ್ಟೇ ಇತ್ತು. ಈ ಒಂದು ಸಾಲು ನನ್ನ ಮನಸ್ಸಿನಲ್ಲಿ ಉಳಿಯಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಆಕಾಶವನ್ನು ನೋಡುವುದು ದೀನಿಗೆ ಹೊರಗಿನ ಕೆಲಸವೇ? ಪವಿತ್ರ ಕುರ್‌ಆನನ್ನು ತೆರೆದು ನೋಡಿರಿ. ಆಕಾಶಗಳ ಮತ್ತು ಭೂಮಿಯ ಸೃಷ್ಟಿಯಲ್ಲಿ, ರಾತ್ರಿ ಹಗಲುಗಳ ಬದಲಾವಣೆಯಲ್ಲಿ ಬುದ್ಧಿವಂತರಿಗೆ ದೃಷ್ಟಾಂತಗಳಿವೆಯೆಂದು ಆಲಿ ಇಮ್ರಾನ್ ಅಧ್ಯಾಯದ ಕೊನೆಯ ಭಾಗವು ಸಾರುತ್ತದೆ. ನಿಂತು, ಕುಳಿತು, ಮಲಗಿ ಅಲ್ಲಾಹನನ್ನು ಸ್ಮರಿಸುವವರೇ ಆ ಸೃಷ್ಟಿಯ ಕುರಿತು ಚಿಂತಿಸುವವರೂ ಆಗಿದ್ದಾರೆ. ಸ್ಮರಣೆ ಮತ್ತು ಚಿಂತನೆ ಎರಡನ್ನೂ ಕುರ್‌ಆನ್ ಒಬ್ಬನೇ ವ್ಯಕ್ತಿಯ ಗುಣಗಳೆಂದು ವರ್ಣಿಸಿದೆ. ಹೀಗಿರುವಾಗ ಅವೆರಡನ್ನು ಬೇರ್ಪಡಿಸಲು ನಮಗೆ ಅಧಿಕಾರ ಕೊಟ್ಟವರು ಯಾರು?

ಈ ವಚನಗಳೊಂದಿಗೆ ಒಬ್ಬ ಬಾಲಕನ ನೆನಪೂ ಸೇರಿಕೊಂಡಿದೆ. ಅವರು ಇಬ್ನು ಅಬ್ಬಾಸ್(ರ). ಒಂದು ರಾತ್ರಿ ಅವರು ತಮ್ಮ ಚಿಕ್ಕಮ್ಮ, ವಿಶ್ವಾಸಿಗಳ ಮಾತೆ ಮೈಮೂನಾ(ರ)ರವರ ಮನೆಯಲ್ಲಿ ತಂಗಿದ್ದರು. ಇರುಳಿನ ಕೊನೆಯ ಜಾವದಲ್ಲಿ ಪ್ರವಾದಿವರ್ಯರು(ಸ) ಎದ್ದು ಕುಳಿತು, ಆಕಾಶದತ್ತ ದೃಷ್ಟಿ ಹಾಯಿಸಿ ಇದೇ ವಚನಗಳನ್ನು ಪಠಿಸಿದರು. ಬಳಿಕ ವುಝೂ ಮಾಡಿ ನಮಾಝ್‌ಗೆ ನಿಂತರು. ಬಾಲಕನೂ ಎದ್ದು ಬಂದು ಅವರ ಎಡಬದಿಯಲ್ಲಿ ನಿಂತಾಗ, ಅವರು ಅವನನ್ನು ಪ್ರೀತಿಯಿಂದ ಬಲಬದಿಗೆ ಕರೆದುಕೊಂಡರು. ಈ ಘಟನೆಯ ಕ್ರಮವನ್ನು ಗಮನಿಸಿರಿ. ಮೊದಲು ಆಕಾಶ, ಬಳಿಕ ವುಝೂ, ಆಮೇಲೆ ನಮಾಝ್. ಆಕಾಶದ ನೋಟವು ಸುಜೂದ್‌ನಲ್ಲಿ ಕೊನೆಗೊಂಡಿತು.

ಆದುದರಿಂದ ಆ ಸಂಜೆ ನಾನು ಹುಡುಗನಲ್ಲಿ ಒಂದೇ ಪ್ರಶ್ನೆ ಕೇಳಿದೆ: "ಮಗನೇ, ರಾತ್ರಿ ಎಚ್ಚರವಿದ್ದ ದಿನ ಫಜ್ರ್ ನಮಾಝ್ ಏನಾಗುತ್ತದೆ?" ಅವನು ತಲೆ ತಗ್ಗಿಸಿದ. ತಂದೆಯ ದೂರಿನಲ್ಲಿ ಸತ್ಯವಿತ್ತು. ನಕ್ಷತ್ರಗಳನ್ನು ನೋಡುತ್ತಾ ಅವುಗಳ ಒಡೆಯನ ಕರೆಗೆ ಓಗೊಡದವನು, ಬಂದ ಪತ್ರದ ಲಕೋಟೆಯ ಅಂದವನ್ನು ಹೊಗಳಿ ಪತ್ರವನ್ನೇ ಓದದವನಂತೆ. ಆದರೆ ತಂದೆಯ ಔಷಧಿ ಸರಿಯಿರಲಿಲ್ಲ. ಬೀಗ ಹಾಕಬೇಕಾದದ್ದು ಅಲಕ್ಷ್ಯಕ್ಕೇ ಹೊರತು ಜಿಜ್ಞಾಸೆಗಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಬೈನಾಕ್ಯುಲರ್ ಹೊರಬರುವುದು. ಕಾಲೇಜಿನ ದಿನಗಳಲ್ಲಿ ಹತ್ತು ಗಂಟೆಗೆ ತಾರಸಿಯಿಂದ ಇಳಿಯುವುದು. ರಜೆಯ ಹಿಂದಿನ ರಾತ್ರಿ ಎಚ್ಚರವಿದ್ದರೆ, ಎರಡು ರಕ್‌ಅತ್ ತಹಜ್ಜುದ್ ನಿರ್ವಹಿಸಿ, ಫಜ್ರ್‌ಗೆ ತಂದೆಯನ್ನು ಎಬ್ಬಿಸುವ ಹೊಣೆ ಮಗನದು.

ಅದೇ ವರ್ಷ ರಮಝಾನಿನ ಇಪ್ಪತ್ತೊಂಬತ್ತರ ಸಂಜೆ ಬಂತು. ಮಗ್ರಿಬ್ ಮುಗಿದೊಡನೆ ಮಸೀದಿಯ ತಾರಸಿ ತುಂಬಿತು. ಪಶ್ಚಿಮದಲ್ಲಿ ಚದುರಿದ ಮೋಡಗಳು. ಹಬ್ಬದ ಬಟ್ಟೆ ಸಿದ್ಧವಾಗಿದೆ, ಮಕ್ಕಳು ತಕ್ಬೀರಿಗೆ ಕಾಯುತ್ತಿದ್ದಾರೆ. ಹಿರಿಯರೊಬ್ಬರು ಬೆರಳು ತೋರಿಸಿ "ಅಗೋ, ಕಂಡಿತು!" ಎಂದು ಕೂಗಿದರು. ಕೂಡಲೇ ನಾಲ್ಕಾರು ಮಂದಿ "ಹೌದು, ಹೌದು" ಎಂದರು. ಹುಡುಗ ಬೈನಾಕ್ಯುಲರನ್ನು ಕಣ್ಣಿಗಿಟ್ಟು ಬಹಳ ಹೊತ್ತು ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಒಂದು ಸಲ ತಲೆಯಾಡಿಸಿದ್ದರೆ ಆ ಸಂಜೆಯ ವೀರ ಅವನೇ ಆಗುತ್ತಿದ್ದ. ಅವನು ಮೆಲ್ಲನೆ ಹೇಳಿದ: "ಕಾಕಾ, ಅದು ಬಿಸಿಲು ತಾಗಿದ ಮೋಡದ ಅಂಚು. ನನಗೆ ಚಂದ್ರ ಕಾಣಲಿಲ್ಲ. ಬೇರೆ ಊರಿನಲ್ಲಿ ಕಂಡಿರಲೂಬಹುದು."

ಗುಂಪಿನಲ್ಲಿ ಗೊಣಗಾಟ ಎದ್ದಿತು. "ನಿನ್ನೆಯ ಹುಡುಗ ನಮಗೆ ಕಲಿಸುತ್ತಾನೆಯೇ?" ಎಂದು ಒಬ್ಬರು ಸಿಟ್ಟಾದರು. ಆದರೆ ಆ ಹಿರಿಯರು, ಅಲ್ಲಾಹನು ಅವರಿಗೆ ಒಳ್ಳೆಯ ಪ್ರತಿಫಲ ನೀಡಲಿ, ಬೈನಾಕ್ಯುಲರನ್ನು ಕೇಳಿ ಪಡೆದು ತಾವೇ ನೋಡಿದರು. "ಹುಡುಗ ಹೇಳಿದ್ದು ಸರಿ. ನನ್ನ ಮಾತನ್ನು ಹಿಂದೆಗೆದುಕೊಂಡಿದ್ದೇನೆ" ಎಂದರು. ಚಂದ್ರ ದರ್ಶನದ ತೀರ್ಮಾನ ಖಾಝಿಯವರದು. ಆ ವಿಷಯವನ್ನು ಇಲ್ಲಿ ಚರ್ಚಿಸುವುದಿಲ್ಲ. ನಾನು ಹೇಳುತ್ತಿರುವುದು ಸಾಕ್ಷ್ಯದ ಕುರಿತು. ಸಾಕ್ಷ್ಯವು ಒಂದು ಅಮಾನತ್. ಇಡೀ ಊರು "ಹೌದು" ಎನ್ನಬಯಸುವಾಗ "ನಾನು ಕಾಣಲಿಲ್ಲ" ಎನ್ನುವ ಧೈರ್ಯವನ್ನು ಆ ಹುಡುಗ ಎಲ್ಲಿ ಕಲಿತ? ಅದೇ ನೋಟ್ ಪುಸ್ತಕದಲ್ಲಿ. ಯಾರೂ ನೋಡದ ರಾತ್ರಿಗಳಲ್ಲಿ "ಮೋಡ. ಏನೂ ಕಾಣಲಿಲ್ಲ" ಎಂದು ಬರೆಯುತ್ತಾ ಬರೆಯುತ್ತಾ ಕಲಿತ.

ಸಹೋದರ ಸಹೋದರಿಯರೇ, ಈ ಪಾಠದ ಮೂಲವು ಪ್ರವಾದಿವರ್ಯರ(ಸ) ಜೀವನದಲ್ಲಿದೆ. ಹಿಜ್‌ರಿ ಹತ್ತರಲ್ಲಿ ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ. ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ತಂದೆಯ ಕಣ್ಣುಗಳು ತುಂಬಿ ಹರಿದವು. ಅದೇ ದಿನ ಸೂರ್ಯಗ್ರಹಣವಾಯಿತು. ಪ್ರವಾದಿ ಪುತ್ರನ ಮರಣಕ್ಕೆ ಸೂರ್ಯನೂ ಮರುಗಿದನೆಂದು ಜನರು ಹೇಳತೊಡಗಿದರು. ಒಬ್ಬ ಸುಳ್ಳು ಪ್ರವಾದಿಗೆ ಇದಕ್ಕಿಂತ ದೊಡ್ಡ ಅವಕಾಶ ಬೇಕಿತ್ತೇ? ಅವರು ಸುಮ್ಮನಿದ್ದರೂ ಸಾಕಿತ್ತು, ಜನರೇ ಕಥೆ ಕಟ್ಟುತ್ತಿದ್ದರು. ಆದರೆ ಮಗನನ್ನು ಕಳೆದುಕೊಂಡ ಆ ತಂದೆ ಎದ್ದು ನಿಂತು ಸ್ಪಷ್ಟಪಡಿಸಿದರು: ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರದೇ ಸಾವಿಗಾಗಲಿ ಬದುಕಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ, ಅದನ್ನು ಕಂಡಾಗ ನಮಾಝ್ ನಿರ್ವಹಿಸಿರಿ, ಪ್ರಾರ್ಥಿಸಿರಿ. ದುಃಖದ ಗಳಿಗೆಯಲ್ಲಿಯೂ ಅವರು ಸುಳ್ಳಿನ ಸಾಂತ್ವನವನ್ನು ಒಪ್ಪಲಿಲ್ಲ.

ಈಗ ನಮ್ಮತ್ತ ನೋಡೋಣ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೂಲಕ ಹಾದುಹೋಯಿತು. ಕೆಲವರು ಅದನ್ನು ನೋಡಲೆಂದೇ ದೂರದೇಶಗಳಿಂದ ಬಂದರು. ನಮ್ಮವರಲ್ಲಿ ಅನೇಕರು ಬಾಗಿಲು ಹಾಕಿ ಒಳಗೆ ಕುಳಿತರು. ಗರ್ಭಿಣಿಯರ ಕುರಿತು, ಅನ್ನ ನೀರಿನ ಕುರಿತು ಹಬ್ಬಿದ ಭಯವು ನಮ್ಮ ಮನೆಗಳನ್ನೂ ಬಿಡಲಿಲ್ಲ. ಗ್ರಹಣದ ನಮಾಝನ್ನು ಕಲಿಸಿದ ಪ್ರವಾದಿಯ(ಸ) ಸಮುದಾಯಕ್ಕೆ ಇದು ಭೂಷಣವೇ? ನಕ್ಷತ್ರಗಳಲ್ಲಿ ಭವಿಷ್ಯ ಹುಡುಕುವ ಜ್ಯೋತಿಷ್ಯ ಬೇರೆ, ಅವುಗಳ ಚಲನೆಯನ್ನು ಅರಿಯುವ ಖಗೋಳ ವಿಜ್ಞಾನ ಬೇರೆ. ಮೊದಲನೆಯದನ್ನು ಇಸ್ಲಾಮ್ ನಿಷೇಧಿಸಿದೆ. ಎರಡನೆಯದಿಲ್ಲದೆ ನಮಾಝಿನ ವೇಳಾಪಟ್ಟಿಯೂ ಇಲ್ಲ, ಕಿಬ್ಲಾದ ದಿಕ್ಕೂ ತಿಳಿಯದು.

ನಮ್ಮ ಪೂರ್ವಜರಿಗೆ ಇದು ತಿಳಿದಿತ್ತು. ಡಮಾಸ್ಕಸ್ಸಿನ ಉಮವೀ ಮಸೀದಿಯಲ್ಲಿ ನಮಾಝಿನ ಸಮಯವನ್ನು ಲೆಕ್ಕಹಾಕುತ್ತಿದ್ದ ಇಬ್ನು ಶಾತಿರ್ 14ನೆಯ ಶತಮಾನದ ಶ್ರೇಷ್ಠ ಖಗೋಳಜ್ಞರು. ಆ ಮಸೀದಿಯ ಮಿನಾರಕ್ಕಾಗಿ ಅವರು ಒಂದು ನೆರಳು ಗಡಿಯಾರವನ್ನೂ ನಿರ್ಮಿಸಿದ್ದರು. 964ರಲ್ಲಿ ಅಬ್ದುರ್ರಹ್ಮಾನ್ ಸೂಫಿ ನಕ್ಷತ್ರಗಳ ಕುರಿತು ಬರೆದ ಗ್ರಂಥದಲ್ಲಿ, ಆಕಾಶದಲ್ಲಿ ಕಾಣುವ ಒಂದು ಪುಟ್ಟ ಮೋಡದಂತಹ ಕಲೆಯನ್ನು ಗುರುತಿಸಿದರು. ಅದು ಆಂಡ್ರೊಮಿಡಾ ಎಂಬ ಗೆಲಾಕ್ಸಿಯೆಂದು ಇಂದು ನಮಗೆ ತಿಳಿದಿದೆ. ಇಂದು ನಾವು ಕಾಣುವ ಅದರ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ. ಅಲ್ದೆಬರಾನ್, ಆಲ್ಟೇರ್, ವೇಗಾ ಮುಂತಾಗಿ ಜಗತ್ತೆಲ್ಲ ಕರೆಯುವ ನಕ್ಷತ್ರಗಳ ಹೆಸರುಗಳು ಅರಬಿ ಮೂಲದವು. ಆದರೆ ಇದನ್ನು ಹೇಳಿ ಎದೆಯುಬ್ಬಿಸಿದರೆ ಸಾಲದು. ಆ ಹೆಸರುಗಳು ಅವರ ಜಾಗರಣೆಯ ಸಂಪಾದನೆ, ನಮ್ಮದಲ್ಲ. ಅವರ ವಾರಸುದಾರ ಸಭೆಗಳಲ್ಲಿ ಭಾಷಣ ಬಿಗಿಯುವ ನಾನಲ್ಲ, ತಾರಸಿಯ ಮೇಲೆ ಚಳಿಯಲ್ಲಿ ಕುಳಿತ ಆ ಹುಡುಗ.

"ಇದರಿಂದ ಹೊಟ್ಟೆ ತುಂಬುತ್ತದೆಯೇ?" ಎಂದು ಕೇಳುವವರೂ ಇದ್ದಾರೆ. 2023ರ ಸೆಪ್ಟೆಂಬರ್ 2ರಂದು ಸೂರ್ಯನ ಅಧ್ಯಯನಕ್ಕೆಂದು ಹೊರಟ ಆದಿತ್ಯ ಎಲ್1 ಯೋಜನೆಯ ನಿರ್ದೇಶಕಿ ನಿಗಾರ್ ಶಾಜಿ ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನ ರೈತ ಕುಟುಂಬದ ಮಗಳು. ಆ ನೌಕೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು 2024ರ ಜನವರಿ 6ರಂದು ತಲಪಿತು. ರಾಮೇಶ್ವರದ ಅಬ್ದುಲ್ ಕಲಾಮ್ ಮುನ್ನಡೆಸಿದ ಎಸ್‌ಎಲ್‌ವಿ-3 ರಾಕೆಟ್ 1979ರ ಆಗಸ್ಟಿನಲ್ಲಿ ಸಮುದ್ರಕ್ಕೆ ಬಿತ್ತು. ಮರುವರ್ಷ ಜುಲೈ 18ರಂದು ಅದೇ ತಂಡ ಯಶಸ್ವಿಯಾಯಿತು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಫಲವಾದಾಗ ಇಡೀ ದೇಶ ಮೌನವಾಗಿತ್ತು. ನಾಲ್ಕು ವರ್ಷಗಳ ಬಳಿಕ, 2023ರ ಆಗಸ್ಟ್ 23ರಂದು ನಮ್ಮ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕುಳಿತವರು ಚಂದ್ರನ ದಕ್ಷಿಣ ಭಾಗದಲ್ಲಿ ನೌಕೆಯನ್ನು ಇಳಿಸಿದರು. ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ. ತಪ್ಪನ್ನು ಮರೆಮಾಚದೆ ತಿದ್ದಿಕೊಂಡು ಮತ್ತೆ ಪ್ರಯತ್ನಿಸುವುದು.

ಎತ್ತರಕ್ಕೇರಿದವನಿಗೂ ದೀನ್ ಬೇಕು. 2007ರ ಅಕ್ಟೋಬರಿನಲ್ಲಿ ಮಲೇಶಿಯದ ವೈದ್ಯ ಶೇಖ್ ಮುಸ್ಝಫರ್ ಶುಕೂರ್ ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ ರಮಝಾನ್ ತಿಂಗಳಾಗಿತ್ತು. ಅಲ್ಲಿ ದಿನಕ್ಕೆ ಹದಿನಾರು ಬಾರಿ ಸೂರ್ಯ ಮೂಡುತ್ತಾನೆ. ಕಿಬ್ಲಾ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಹಾಗಾದರೆ ನಮಾಝ್ ಹೇಗೆ? ಆ ದೇಶದ ವಿದ್ವಾಂಸರು ವಿಜ್ಞಾನಿಗಳೊಂದಿಗೆ ಕುಳಿತು ಮಾರ್ಗಸೂಚಿಯನ್ನು ರಚಿಸಿದರು. ಹೊರಟ ಸ್ಥಳದ ಸಮಯದಂತೆ ಐದು ಹೊತ್ತು ನಮಾಝ್; ಸಾಧ್ಯವಾದಷ್ಟು ಕಅಬಾದತ್ತ, ಇಲ್ಲವೇ ಭೂಮಿಯತ್ತ, ಅದೂ ಆಗದಿದ್ದರೆ ಅನುಕೂಲವಿದ್ದ ಕಡೆ ಮುಖ. ಎರಡೂ ವಿದ್ಯೆಗಳನ್ನು ಬಲ್ಲವರು ಸಮುದಾಯದಲ್ಲಿ ಇಲ್ಲದಿದ್ದರೆ ಇಂತಹ ಪ್ರಶ್ನೆಗಳಿಗೆ ಉತ್ತರಿಸುವವರಾರು?

ತಂದೆ ತಾಯಂದಿರೇ, ನಿಮ್ಮ ಮಗನಿಗೋ ಮಗಳಿಗೋ ಈ ಆಸಕ್ತಿಯಿದ್ದರೆ ದುಬಾರಿ ದೂರದರ್ಶಕ ಕೊಳ್ಳಬೇಕಾಗಿಲ್ಲ. ಮೊದಲು ಬರಿಗಣ್ಣು, ಒಂದು ನಕ್ಷತ್ರ ನಕ್ಷೆ, ಒಂದು ನೋಟ್ ಪುಸ್ತಕ ಸಾಕು. ಮುಂದೆ ಒಂದು ಸಾಧಾರಣ ಬೈನಾಕ್ಯುಲರ್. ಬಿಡುವಾದಾಗ ಬೆಂಗಳೂರಿನ ಅಥವಾ ಪಿಲಿಕುಳದ ತಾರಾಲಯಕ್ಕೆ ಕರೆದೊಯ್ಯಿರಿ. ಒಂದು ಎಚ್ಚರಿಕೆ: ಬೈನಾಕ್ಯುಲರಿನಿಂದಾಗಲಿ ಬರಿಗಣ್ಣಿನಿಂದಾಗಲಿ ಸೂರ್ಯನನ್ನು ನೇರವಾಗಿ ನೋಡಬಾರದು. ಕಣ್ಣಿನ ಪರದೆ ಸುಡುವಾಗ ನೋವೇ ತಿಳಿಯುವುದಿಲ್ಲ. ಗ್ರಹಣವನ್ನು ಅದಕ್ಕೆಂದೇ ತಯಾರಿಸಿದ ಕನ್ನಡಕದಿಂದ ಮಾತ್ರ ನೋಡಲಿ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ರಾತ್ರಿ ನೀವೂ ತಾರಸಿ ಹತ್ತಿರಿ. "ಇದೇನು ಮಗನೇ?" ಎಂದು ಕೇಳಿರಿ. ತಂದೆ ಕೇಳಿದ ಒಂದು ಪ್ರಶ್ನೆಯಿಂದ ಮಗನಲ್ಲಿ ಹುಟ್ಟುವ ಗೌರವವು ಹತ್ತು ಗದರಿಕೆಗಳಿಂದ ಹುಟ್ಟದು.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. ಆಕಾಶದ ಅಗಾಧತೆಯನ್ನು ಕಂಡವನು ಅಹಂಕಾರಪಟ್ಟರೆ ಅವನು ಏನನ್ನೂ ಕಂಡಿಲ್ಲ. ಕಂಡದ್ದನ್ನು ಕಂಡೆನೆನ್ನಿರಿ, ಕಾಣದ್ದನ್ನು ಕಾಣಲಿಲ್ಲವೆನ್ನಿರಿ. ರಾತ್ರಿಯ ಜಾಗರಣೆಗೆ ಫಜ್ರ್ ಬಲಿಯಾಗದಿರಲಿ.

ಆ ಹುಡುಗನ ತಂದೆ ಮೊನ್ನೆ ಸಿಕ್ಕಿದ್ದರು. ಮಗ ಓದು ಮುಗಿಸಿ ಕೆಲಸದ ನಿಮಿತ್ತ ಬೇರೆ ಊರಿನಲ್ಲಿದ್ದಾನೆ. "ಈಗ ಫಜ್ರ್‌ಗೆ ಎಬ್ಬಿಸುವವರಿಲ್ಲ, ನಾನೇ ಏಳುತ್ತೇನೆ. ಎದ್ದವನು ಒಮ್ಮೆ ತಾರಸಿಗೆ ಹೋಗಿ ಬರುತ್ತೇನೆ. ಶುಕ್ರಗ್ರಹ ಯಾವುದೆಂದು ಅವನೇ ತೋರಿಸಿಕೊಟ್ಟಿದ್ದ" ಎಂದರು.

ತನ್ನ ದೃಷ್ಟಾಂತಗಳನ್ನು ಕಾಣುವ ಕಣ್ಣು, ಕಂಡದ್ದನ್ನು ಸತ್ಯವಾಗಿ ನುಡಿಯುವ ನಾಲಗೆ ಮತ್ತು ತನಗೆ ಬಾಗುವ ಹೃದಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.