ಕಾಯಕವೂ ಹವ್ಯಾಸವೂ: ಒಂದು ಕೊಟ್ಟಿಗೆಯ ಪ್ರಶ್ನೆ

ಕಳೆದ ಶ್ರಾವಣಮಾಸದಲ್ಲಿ ಕೊಟ್ಟೂರಿನ ಸದ್ಭಕ್ತರೊಬ್ಬರ ಮನೆಯಲ್ಲಿ ಶಿವಾನುಭವಗೋಷ್ಠಿ ನಡೆಯಿತು. ಗೋಷ್ಠಿ ಮುಗಿದು ಪ್ರಸಾದಕ್ಕೆ ಎಲೆ ಹಾಕುವುದರೊಳಗಾಗಿ ಮನೆಯ ಹಿರಿಯರು ಎಲ್ಲರ ಎದುರಿನಲ್ಲಿಯೇ ಒಂದು ಪ್ರಶ್ನೆಯನ್ನಿಟ್ಟರು: “ಶಾಸ್ತ್ರಿಗಳೇ, ಕೊಟ್ಟಿಗಿ ನಡುವೆ ಗ್ವಾಡಿ ಹಾಕಬೇಕಂತಾನ ನಮ್ಮ ಮಗ. ಹಾಕಬೇಕೋ ಬ್ಯಾಡೋ ಅಂಬೋದು ವಚನದಾಗ ಎಲ್ಲ್ಯಾರ ಐತೇನ್ರಿ?” ಕುಳಿತವರು ನಕ್ಕರು. ಕೇಳಿದವರು ನಗಲಿಲ್ಲ, ಅವರ ಮಗನೂ ನಗಲಿಲ್ಲ, ಒಳಬಾಗಿಲಲ್ಲಿ ನಿಂತಿದ್ದ ಸೊಸೆಯು ಮುಖವನ್ನು ಆಚೆಗೆ ತಿರುಗಿಸಿಕೊಂಡಳು. ಎರಡು ಗಂಟೆಗಳ ಕಾಲ ಷಟ್‌ಸ್ಥಲದ ಸೂಕ್ಷ್ಮಗಳನ್ನು ವಿವರಿಸಿದ್ದ ನನ್ನ ನಾಲಗೆಗೆ ಒಂದು ಗೋಡೆಯ ವಿಷಯದಲ್ಲಿ ಮಾತು ಹೊರಡಲಿಲ್ಲ. ಅಂದು ಕೊಡದೆ ಉಳಿದ ಉತ್ತರದ ಬಾಕಿಯನ್ನು ಇಲ್ಲಿ ತೀರಿಸಲು ಯತ್ನಿಸುತ್ತೇನೆ.

ಮೊದಲು ಆ ಕೊಟ್ಟಿಗೆಯ ಸಂಗತಿಯನ್ನು ಹೇಳಬೇಕು. ಎತ್ತುಗಳಿದ್ದ ಕಾಲದಲ್ಲಿ ಅದು ನಿಜವಾಗಿಯೂ ಕೊಟ್ಟಿಗೆಯೇ ಆಗಿತ್ತು. ಹೊಲಕ್ಕೆ ಬಾಡಿಗೆಯ ಟ್ರ್ಯಾಕ್ಟರು ಬಂದು ಎತ್ತುಗಳು ಸಂತೆಗೆ ಹೋದ ಮೇಲೆ ಗೋದಲಿ ಬರಿದಾಯಿತು. ಉದ್ದ 12 ಅಡಿ, ಅಗಲ 9 ಅಡಿ. ಬೆಳಕಿಗೆ ಒಂದೇ ಕಿಟಕಿ. ಹಿರಿಯರು ಶಿಕ್ಷಕವೃತ್ತಿಯಿಂದ ನಿವೃತ್ತರಾದವರು. ಅವರು ಅಲ್ಲಿ ಮೊದಲು ಬಡಗಿತನದ ಉಳಿ, ಬಾಚಿ, ಗರಗಸಗಳನ್ನು ತಂದಿಟ್ಟರು. ಆಮೇಲೆ ಹಳೆಯ ಗ್ರಂಥಗಳಿಗೆ ರಟ್ಟು ಕಟ್ಟುವ ಹವ್ಯಾಸ ಬಂದಿತು. ಅದರ ಹಿಂದೆ ಗೋಡೆ ಗಡಿಯಾರಗಳ ದುರಸ್ತಿ. ಅದೂ ಅರ್ಧವಾಗಿರುವಾಗ ಮರದ ಗೊಂಬೆಗಳಿಗೆ ಬಣ್ಣ. ಮಗನು ಅಂಗಡಿಯ ಲೆಕ್ಕ ಮುಗಿಸಿ ಬಂದು ರಾತ್ರಿ ಹಳೆಯ ರೇಡಿಯೋಗಳನ್ನು ಬಿಚ್ಚಿ ಬೆಸುಗೆ ಹಾಕುತ್ತಾನೆ. ಸೊಸೆಯದು ಹೊಲಿಗೆಯಂತ್ರ ಮತ್ತು ಕೌದಿ. ಕೌದಿಯನ್ನು ಬಲ್ಲ ವಾಚಕರಿಗೆ ತಿಳಿದಿರುವಂತೆ ಅದು ಮಡಚಿಟ್ಟು ಹೊಲಿಯುವ ವಸ್ತುವಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ನೆಲದ ಮೇಲೆ ಹಾಸಿ, ಸುಕ್ಕಿಲ್ಲದಂತೆ ಎಳೆದು, ಅಂಚಿನಿಂದ ಒಳಕ್ಕೆ ಸಾಲುಹೊಲಿಗೆ ಹಾಕುತ್ತ ಬರಬೇಕು. ಹಾಸಿದ ಕೌದಿಯು ಕೋಣೆಯ ಅರ್ಧ ನೆಲವನ್ನು ಬೇಡುತ್ತದೆ, ಅದೂ ಹಲವು ದಿನ.

ಇನ್ನು ಅಲ್ಲಿ ನಡೆದುದನ್ನು ಊಹಿಸುವುದು ಕಷ್ಟವಲ್ಲ. ಮಾವನವರ ಗರಗಸದ ಹೊಟ್ಟು ಕೌದಿಯ ಪದರಗಳೊಳಗೆ ಸೇರಿತು. ಸೊಸೆಯ ಅರಿವೆಯ ನೂಲಿನ ಎಳೆಗಳು ಹಾರಿ, ಮೊಮ್ಮಗನಿಗೆಂದು ಮಾಡಿದ ತೊಟ್ಟಿಲಿನ ಹಸಿ ವಾರ್ನಿಷಿಗೆ ಅಂಟಿದವು. ಮಗನ ಬೆಸುಗೆಯ ಕಾದ ಕಡ್ಡಿಯಿಂದ ಒಂದು ಹನಿ ಸಿಡಿದು, ಗಿರಾಕಿಗೆ ಕೊಡಬೇಕಾಗಿದ್ದ ಕೌದಿಗೆ ತೂತು ಬಿದ್ದಿತು. ಆ ರಾತ್ರಿಯೇ ಗೋಡೆಯ ಮಾತು ಹುಟ್ಟಿತು. ಮರುದಿನ ಇಟ್ಟಿಗೆಗಳು ಅಂಗಳಕ್ಕೆ ಬಂದವು. ಮೊಮ್ಮಗನಾದರೋ ಅಷ್ಟರಲ್ಲಿ ನಡೆಯಲು ಕಲಿತಿದ್ದನು, ತೊಟ್ಟಿಲು ಮುಗಿದಿರಲಿಲ್ಲ.

ಇಂತಹ ಪ್ರಸಂಗದಲ್ಲಿ ನಮ್ಮವರು ಸಾಮಾನ್ಯವಾಗಿ ಹೇಳುವ ಸಮಾಧಾನವೊಂದುಂಟು. ಶರಣರು ಬೋಧಿಸಿದುದು ಕಾಯಕವನ್ನು; ಹವ್ಯಾಸವೆಂಬುದು ಹೊತ್ತು ಕಳೆಯುವ ವಿಲಾಸ; ಆದುದರಿಂದ ಹೊಟ್ಟೆಯ ಪಾಡಿಗಾಗುವ ಕೆಲಸಕ್ಕೆ ಸ್ಥಳ ಮೊದಲು, ಮಿಕ್ಕಿದ್ದು ಮಿಕ್ಕವರಿಗೆ. ಈ ಲೆಕ್ಕದಂತೆ ಕೊಟ್ಟಿಗೆಯು ಪೂರ್ತಿಯಾಗಿ ಸೊಸೆಯದಾಗುತ್ತದೆ, ಏಕೆಂದರೆ ಅಲ್ಲಿ ಹಣ ತರುವ ಕೆಲಸ ಅವಳದೊಂದೇ. ಕೊಟ್ಟೂರು ಬಸವೇಶ್ವರರೊಡನೆ ಪಂಚಗಣಾಧೀಶ್ವರರಲ್ಲಿ ಎಣಿಸಲ್ಪಡುವ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನೊಡನೆ, ದುಡಿಮೆಗೆ ತಕ್ಕಷ್ಟೇ ಪ್ರತಿಫಲ ಸಲ್ಲಬೇಕೆಂಬ ತತ್ತ್ವ ನಿಂತಿದೆ. ಅದನ್ನೂ ಈ ಪಕ್ಷದವರು ತಮ್ಮ ನೆರವಿಗೆ ತರಬಹುದು. ಆದರೆ ನಾನು ಈ ವಾದವನ್ನು ಹಿರಿಯರ ಮುಂದಿಟ್ಟಾಗ ಅವರು ಮೆಲ್ಲನೆ ಕೇಳಿದರು: “ಹಂಗಾದ್ರ ಪಿಂಚಣಿ ಆದವಂಗ ಕಾಯಕನ ಇಲ್ಲೇನ್ರಿ?” ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ಕೈಗಳು ಇನ್ನು ಮಡಿಲಲ್ಲಿ ಸುಮ್ಮನೆ ಬಿದ್ದಿರಬೇಕೆಂದು ಯಾವ ಶರಣನೂ ಹೇಳಲಾರನು.

ಕಾಯಕವನ್ನು ಸಂಪಾದನೆಯಿಂದ ಅಳೆಯುವುದು ಎಷ್ಟು ತಪ್ಪೆಂಬುದಕ್ಕೆ ನಮ್ಮ ಕಾಲಕ್ಕೆ ಹತ್ತಿರದ ಇಬ್ಬರ ಜೀವನ ಸಾಕ್ಷಿಯಾಗಿದೆ. ಇಲ್ಲಿಂದ ದೂರವಲ್ಲದ ಹೂವಿನಹಡಗಲಿಯಲ್ಲಿ ಉತ್ತಂಗಿ ಚನ್ನಪ್ಪನವರು ಬಾಳಿದರು. 1881ರಲ್ಲಿ ಹುಟ್ಟಿ 1962ರಲ್ಲಿ ಕಾಲವಶರಾದ ಅವರ ವೃತ್ತಿ ಕ್ರೈಸ್ತ ಧರ್ಮಬೋಧಕನದು. ವೃತ್ತಿಯ ನಡುವೆ ಬಿಡುವು ಮಾಡಿಕೊಂಡು ಸರ್ವಜ್ಞನ ತ್ರಿಪದಿಗಳನ್ನು ಜನರ ಬಾಯಿಂದಲೂ ಓಲೆಗಳಿಂದಲೂ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಮುಂದೆ ಶರಣಸಾಹಿತ್ಯದ ಸಂಶೋಧನೆಗೂ ಕೈಹಾಕಿದರು. ನಾಡು ಅವರನ್ನು 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ಕರೆದುದು ಆ ಬಿಡುವಿನ ಕೆಲಸಕ್ಕಾಗಿ. ಇನ್ನೊಬ್ಬರು ವಿಜಾಪುರದ ಫ. ಗು. ಹಳಕಟ್ಟಿಯವರು. ವೃತ್ತಿಯಿಂದ ವಕೀಲರು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ, 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ. ಇಷ್ಟನ್ನೂ ಒಬ್ಬ ಗೃಹಸ್ಥನು ಮಾಡಿದನು. ನ್ಯಾಯಾಲಯದ ಕಡತಗಳ ಪಕ್ಕದಲ್ಲಿಯೇ ತಾಡವೋಲೆಗಳ ಕಟ್ಟುಗಳೂ ಅವರ ಜೀವನದಲ್ಲಿ ಸ್ಥಳ ಪಡೆದವು. ಅವರನ್ನು “ಹಲವು ಹವ್ಯಾಸಗಳ ಮನುಷ್ಯ” ಎಂದು ಯಾರಾದರೂ ಕರೆದರೆ ನಾವು ಸಿಟ್ಟಾಗುತ್ತೇವೆ. ಏಕೆ? ಹಲವನ್ನು ಹಿಡಿದರೂ ಆ ಕೈಗಳೆಲ್ಲ ಒಂದೇ ಕಡೆಗೆ ಚಾಚಿದ್ದವು.

ಇಲ್ಲಿ ಮರೆಮಾಚದೆ ಹೇಳಬೇಕಾದ ಮಾತೊಂದಿದೆ. ಮುದ್ರಣಾಲಯಕ್ಕಾಗಿ ಹಳಕಟ್ಟಿಯವರು ತಮ್ಮ ಮನೆಯನ್ನೇ ಮಾರಿದರು. ಆ ತ್ಯಾಗವನ್ನು ನಾವು ವೇದಿಕೆಗಳಲ್ಲಿ ಕೊಂಡಾಡುತ್ತೇವೆ, ಕೊಂಡಾಡಬೇಕಾದುದೇ. ಆದರೆ ಮಾರಿದ ಮನೆಯಲ್ಲಿ ಅವರೊಬ್ಬರೇ ವಾಸವಾಗಿರಲಿಲ್ಲ. ಒಬ್ಬನ ಮಹತ್ಕಾರ್ಯಕ್ಕೆ ಮನೆಯವರೆಲ್ಲರೂ ತೆರುವ ಬೆಲೆಯನ್ನು ನಮ್ಮ ಚರಿತ್ರಕಾರರು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ವಚನಸಾಹಿತ್ಯದ ಉದ್ಧಾರಕ್ಕೆ ತೆತ್ತ ಬೆಲೆಯೆಂದು ಅಲ್ಲಿ ಮನಸ್ಸು ಒಪ್ಪುತ್ತದೆ. ನಮ್ಮ ನಿಮ್ಮಂತಹವರ ಗಡಿಯಾರ, ಗೊಂಬೆ, ರೇಡಿಯೋಗಳಿಗಾಗಿ ಮನೆಯವರು ಬೆಲೆ ತೆರಬೇಕೆಂದಾಗ ಒಪ್ಪುವುದು ಕಷ್ಟ.

ಹಾಗಾದರೆ ಹವ್ಯಾಸವು ಎಲ್ಲಿ ಕಾಯಕವಾಗುತ್ತದೆ, ಎಲ್ಲಿ ಆಶೆಯಾಗಿ ಉಳಿಯುತ್ತದೆ? ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ ದಂಪತಿಗಳ ಪ್ರಸಂಗವು ಇದಕ್ಕೆ ದಾರಿ ತೋರಿಸುತ್ತದೆಂದು ನನ್ನ ಭಾವನೆ. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ಈ ಹೆಚ್ಚುವರಿ ಎಲ್ಲಿಂದ ಬಂದಿತೆಂದು ಗಂಡನನ್ನು ಪ್ರಶ್ನಿಸಿ, ನಿತ್ಯದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಗಮನಿಸಬೇಕಾದುದೇನೆಂದರೆ ಮಾರಯ್ಯನು ಕದ್ದಿರಲಿಲ್ಲ, ಸುಳ್ಳು ಹೇಳಿರಲಿಲ್ಲ, ಆ ಅಕ್ಕಿಯೂ ಶಿವಾರ್ಪಿತವಾಗಲೆಂದೇ ತಂದುದು. ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಅಳತೆ ಮೀರಬಹುದೆಂಬ ನೆವವನ್ನು ಲಕ್ಕಮ್ಮ ಒಪ್ಪಲಿಲ್ಲ. ಆಶೆಯು ಬಂಗಾರದ ರೂಪದಲ್ಲಿ ಬಂದರೆ ಯಾರೂ ಗುರುತಿಸುತ್ತಾರೆ. ಅಕ್ಕಿಯ ರೂಪದಲ್ಲಿ, ಅದೂ ದಾಸೋಹದ ಅಕ್ಕಿಯ ರೂಪದಲ್ಲಿ ಬಂದಾಗ ಗುರುತಿಸಿದವಳು ಅವಳು.

ನಮ್ಮ ಕೊಟ್ಟಿಗೆಯಲ್ಲಿ ಆಶೆಯು ಉಪಕರಣಗಳ ರೂಪದಲ್ಲಿ ಬಂದಿತ್ತು. ಹಿರಿಯರ ಗೂಟಗಳಿಗೆ ತೂಗುಬಿದ್ದಿದ್ದ ಕೀಸುಳಿಗಳಲ್ಲಿ ಎರಡಕ್ಕೆ ಇನ್ನೂ ಕಾಗದದ ಹೊದಿಕೆ ಬಿಚ್ಚಿರಲಿಲ್ಲ. ಆರು ಗಡಿಯಾರಗಳ ಚಕ್ರಗಳು ಆರು ಡಬ್ಬಿಗಳಲ್ಲಿದ್ದವು. ಅವುಗಳಲ್ಲಿ ಒಂದೂ ಹೊತ್ತನ್ನು ಹೇಳುತ್ತಿರಲಿಲ್ಲ. ಹೊಸ ಕೆಲಸವನ್ನು ಕಲಿಯುವ ಹಿಗ್ಗು ದೊಡ್ಡದು. ಮೊದಲ ಹದಿನೈದು ದಿನ ಕೈ ಎಡವುತ್ತದೆ. ಎಡವಿದ ಕೈಗೆ ಪ್ರತಿದಿನ ಒಂದು ಹೊಸ ತಿಳಿವು ದೊರಕುತ್ತದೆ. ಆಮೇಲೆ ಕೈ ಪಳಗುತ್ತದೆ, ಬೇಸರ ಬರುತ್ತದೆ, ಮುಗಿಸುವ ಕೆಲಸ ಉಳಿಯುತ್ತದೆ. ಆ ಬೇಸರದ ಹೊಸ್ತಿಲನ್ನು ದಾಟಲಾರದವನು ಇನ್ನೊಂದು ಹವ್ಯಾಸದ ಬಾಗಿಲನ್ನು ತಟ್ಟುತ್ತಾನೆ. (ಈ ಸಾಲನ್ನು ಬರೆಯುವಾಗ ನನ್ನ ಪೆಟ್ಟಿಗೆಯಲ್ಲಿರುವ ಮೂರು ಅಪೂರ್ಣ ಟೀಕೆಗಳು ನೆನಪಾಗಿ ಲೇಖನಿ ಒಂದು ಕ್ಷಣ ನಿಂತಿತೆಂದು ಒಪ್ಪಿಕೊಳ್ಳುತ್ತೇನೆ.) ನುಲಿಯ ಚಂದಯ್ಯನ ಕಥೆಯಲ್ಲಿ, ಹುಲ್ಲು ಕೊಯ್ಯುವಾಗ ಜಾರಿಬಿದ್ದ ಇಷ್ಟಲಿಂಗವನ್ನು ಸಹ ಎತ್ತಿಕೊಳ್ಳದೆ ಆತನು ಹುಲ್ಲಿನ ಹೊರೆಯನ್ನು ಪೂರೈಸಿ ಹೊರಟನೆಂದು ಬರುತ್ತದೆ. ಅದರ ಆಧ್ಯಾತ್ಮಿಕ ಅರ್ಥ ಬಹು ಆಳವಾದುದು, ಅದನ್ನು ಇಲ್ಲಿ ಬಿಡಿಸುವುದಿಲ್ಲ. ಹಿಡಿದುದನ್ನು ಅರ್ಧಕ್ಕೆ ಕೈಬಿಡಬಾರದೆಂಬಷ್ಟನ್ನು ಮಾತ್ರ ಗೃಹಸ್ಥನು ಅದರಿಂದ ಎತ್ತಿಕೊಂಡರೂ ಸಾಲದೆ?

ಮುಗಿಯದ ಕೆಲಸವು ಸುಮ್ಮನೆ ಕೂಡುವುದಿಲ್ಲ, ಸ್ಥಳವನ್ನು ನುಂಗುತ್ತದೆ. ಮುಗಿದ ತೊಟ್ಟಿಲು ಪಡಸಾಲೆಗೆ ಹೋಗಿ ಕೂಸಿನದಾಗುತ್ತದೆ. ಮುಗಿಯದ ತೊಟ್ಟಿಲು ಕೊಟ್ಟಿಗೆಯ ನಡುವೆ ನಿಂತು ಇನ್ನೊಬ್ಬರ ಕೌದಿಯನ್ನು ಹಾಸಗೊಡುವುದಿಲ್ಲ. ಆದುದರಿಂದ ಒಂದೇ ಕೋಣೆಯನ್ನು ಹಂಚಿಕೊಂಡವರ ನಡುವೆ ಅಪೂರ್ಣತೆಯು ಸ್ವಭಾವದ ಕೊರತೆಯಾಗಿ ಉಳಿಯದೆ ನೆರೆಯವರಿಗೆ ಮಾಡುವ ಅನ್ಯಾಯವಾಗುತ್ತದೆ. ಮಾರಯ್ಯನ ಹೆಚ್ಚುವರಿ ಅಕ್ಕಿಯು ಬೇರೊಬ್ಬರ ಅನ್ನವಾಗಿದ್ದಂತೆ ಹಿರಿಯರ ಆರು ಡಬ್ಬಿಗಳು ಸೊಸೆಯ ಆರು ಗೇಣು ನೆಲವಾಗಿದ್ದವು.

ಅನೇಕ ಕೈಗಳು ಒಂದೆಡೆ ಕೂಡುವುದೇ ಜಗಳಕ್ಕೆ ಮೂಲವೆಂದು ಮಗನು ವಾದಿಸಿದನು. ನಾನು ಅವನಿಗೆ ಊರ ತೇರನ್ನು ನೆನಪಿಸಿದೆನು. 2017ರ ಫೆಬ್ರುವರಿಯ ಜಾತ್ರೆಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿದುದನ್ನು ಈ ಸೀಮೆಯವರು ಮರೆಯಲಾರರು. ಆ ಮೇಲೆ ಹೊಸ ತೇರು ಕಟ್ಟಲ್ಪಟ್ಟಿತು. ತೇರೆಂಬುದು ಒಬ್ಬನ ಕೆಲಸವಲ್ಲ. ಮರ ಕೊಯ್ಯುವವನು, ಕೆತ್ತುವವನು, ಕಬ್ಬಿಣದ ಪಟ್ಟಿ ಬಡಿಯುವವನು, ಹಗ್ಗ ಹೊಸೆಯುವವನು, ಬಾವುಟ ಹೊಲಿಯುವವನು, ಎಲ್ಲರ ಕೈಯೂ ಅದಕ್ಕೆ ಬೇಕು. ಅವರ ನಡುವೆ ಗೋಡೆ ಹಾಕಿದರೆ ಗಾಲಿಯು ಅಚ್ಚಿಗೆ ಕೂಡುವುದಿಲ್ಲ. ಮಗನು ಬುದ್ಧಿವಂತ. “ತೇರು ಒಂದೈತ್ರಿ, ನಮ್ಮ ಮನ್ಯಾಗ ಮೂರು ತೇರದಾವ” ಎಂದನು. ಆ ಮಾತಿಗೆ ನಾನು ಎದುರಾಡಲಿಲ್ಲ, ಅದು ನಿಜ. ಮೂವರ ಕೆಲಸಗಳು ಒಂದಾಗಬೇಕಾಗಿಯೂ ಇಲ್ಲ. ಆದರೆ ತೇರು ಕಟ್ಟುವವರು ಒಬ್ಬರ ಕೆಲಸ ಮುಗಿಯುವುದನ್ನು ಕಾದು ಇನ್ನೊಬ್ಬರು ಕೈಹಾಕುತ್ತಾರೆ. ಆ ಕಾಯುವಿಕೆಯನ್ನು ಒಂದೇ ಮನೆಯಲ್ಲಿ ಉಣ್ಣುವ ಮೂವರು ಕಲಿಯಲಾಗದೆ?

ದಾಸೋಹವನ್ನು ನಾವು ಅನ್ನಕ್ಕೆ ಮಾತ್ರ ಸೀಮಿತಗೊಳಿಸಿದ್ದೇವೆ. ಅನ್ನವಿಲ್ಲದ ಮನೆಗಳು ಇಂದು ಕಡಿಮೆ, ನೆಲವಿಲ್ಲದ ಮನೆಗಳು ಹೆಚ್ಚು. ಬೆಳಕುಳ್ಳ ಕಿಟಕಿಯ ಕೆಳಗಿನ ಮೂರಡಿ ನೆಲವನ್ನು, ಅದು ತನಗೂ ಬೇಕಾಗಿರುವ ಹೊತ್ತಿನಲ್ಲಿ, ಇನ್ನೊಬ್ಬರಿಗೆ ತೆರವು ಮಾಡಿಕೊಡುವುದು ದಾಸೋಹವಲ್ಲವೆಂದು ಹೇಳಲು ನನಗೆ ಆಧಾರ ಕಾಣುವುದಿಲ್ಲ.

ಈ ಮಾತುಗಳನ್ನು ದೀಪಾವಳಿಗೆ ಮುಂಚೆ ನಾನು ಆ ಮನೆಗೆ ಮತ್ತೆ ಹೋಗಿ ಆಡಿದೆನು. ಆಗ ಮೊದಲು ಮಾತನಾಡಿದವಳು ಸೊಸೆ. ಅವಳಿಗೆ ಗೋಡೆಯೂ ಬೇಡ, ಇಡೀ ಕೊಟ್ಟಿಗೆಯೂ ಬೇಡ. ಕೌದಿ ಹಾಸಿದ ದಿನಗಳಲ್ಲಿ ಗರಗಸ ಆಡದಿದ್ದರೆ ಸಾಕು. ಅದರಂತೆ ಏರ್ಪಾಡಾಯಿತು. ಹಗಲಿನ ಬೆಳಕು ಹೊಲಿಗೆಗೆ. ಕೊಯ್ಯುವ, ಉಜ್ಜುವ ಕೆಲಸವೆಲ್ಲ ಹಿತ್ತಲಿನ ಬೇವಿನ ಮರದ ಕೆಳಗೆ. ಬಣ್ಣ, ವಾರ್ನಿಷುಗಳು ಕೌದಿ ಎತ್ತಿದ ಮೇಲೆ, ನೆಲ ಗುಡಿಸಿ ಧೂಳು ಕೂತ ಮೇಲೆ. ಬೆಸುಗೆಯ ಹಲಗೆಯು ಕಿಟಕಿಯಿಂದ ದೂರದ ಮೂಲೆಗೆ ಹೋಯಿತು, ಅದರ ಕೆಳಗೆ ಒಂದು ಕಡಪಾ ಕಲ್ಲು ಬಂದಿತು. ಕೆಲಸ ಬಿಟ್ಟು ಏಳುವವನೇ ಗುಡಿಸಬೇಕೆಂಬ ನಿಯಮವನ್ನು ಹಿರಿಯರು ತಾವಾಗಿಯೇ ಹೇಳಿದರು. ಅದನ್ನು ಮೊದಲು ಮುರಿದವರೂ ಅವರೇ ಎಂದು ಆಮೇಲೆ ತಿಳಿಯಿತು.

ಒಂದನ್ನು ಮುಗಿಸದೆ ಇನ್ನೊಂದನ್ನು ತೆರೆಯಬಾರದೆಂಬುದಕ್ಕೆ ಹಿರಿಯರು ಒಪ್ಪಲು ತಡವಾಯಿತು. ಕೊನೆಗೆ ನಾಲ್ಕು ಗಡಿಯಾರಗಳ ಡಬ್ಬಿಗಳನ್ನು ಪೇಟೆಯ ದುರಸ್ತಿಗಾರನಿಗೆ ಕೊಟ್ಟರು, ಎರಡನ್ನು ಉಳಿಸಿಕೊಂಡರು. ಆ ಎರಡರ ವಿಷಯದಲ್ಲಿ ನಾನು ಒತ್ತಾಯಿಸಲಿಲ್ಲ. ತೊಟ್ಟಿಲು ಕಾರ್ತಿಕದಲ್ಲಿ ಮುಗಿಯಿತು. ನೂಲಿನ ಎಳೆಗಳು ಅಂಟಿದ ಕಾಲನ್ನು ಅವರು ಮತ್ತೆ ಕೆರೆದು ನಯಗೊಳಿಸಿದ್ದಾರೆ. ಆದರೂ ಬೆರಳಿಟ್ಟು ನೋಡಿದರೆ ಒಂದೆಡೆ ಒರಟು ತಿಳಿಯುತ್ತದೆ. ಅದನ್ನು ಹೆರಿಗೆಯಾದ ನೆರೆಮನೆಗೆ ಕಳುಹಿಸಿದರು. ತೂತು ಬಿದ್ದ ಕೌದಿಗೆ ಸೊಸೆಯು ಅರಿಸಿನ ಬಣ್ಣದ ತೇಪೆಯೊಂದನ್ನು ಹಾಕಿ ಮನೆಯಲ್ಲಿಯೇ ಇಟ್ಟುಕೊಂಡಿದ್ದಾಳೆ. ಇಟ್ಟಿಗೆಗಳು ಮಾತ್ರ ಇನ್ನೂ ಅಂಗಳದಲ್ಲಿಯೇ ಇವೆ. ಮುಂದಿನ ಜಾತ್ರೆಯವರೆಗೆ ನೋಡೋಣ, ಆಮೇಲೆ ಮಾರಿದರಾಯಿತೆಂದು ಮಗನು ಹೇಳುತ್ತಾನೆ.