ಬೋರು ಕೊರೆಸುವವನ ನಂಬಿಕೆ, ಸರ್ಕಾರದ ನಂಬಿಕೆ

ಬಯಲುಸೀಮೆಯಲ್ಲಿ ಬೋರು ಕೊರೆಸುವ ಮೊದಲು ಪಾಯಿಂಟ್ ಮಾಡಿಸುತ್ತಾರೆ. ಪಾಯಿಂಟ್ ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದ ಉದ್ದಗಲ ನಡೆಯುತ್ತಾನೆ. ಕಾಯಿ ಎದ್ದು ನಿಂತ ಕಡೆ ನೀರಿದೆ ಎಂದು ಲೆಕ್ಕ. ಕೆಲವರು ಕವಲುಕಡ್ಡಿ ಹಿಡಿಯುತ್ತಾರೆ, ಕೆಲವರು ತಾಮ್ರದ ತಂತಿ. ಗುರುತು ಮಾಡಿದ ಜಾಗಕ್ಕೆ ಅರಿಶಿನ ಕುಂಕುಮ ಹಚ್ಚಿ ಗಂಗಮ್ಮನ ಪೂಜೆ ಮಾಡಿ ಲಾರಿ ತರಿಸುತ್ತಾರೆ. ಅಡಿಗಿಷ್ಟು ಎಂದು ದರ. ಬರೀ ಧೂಳು ಹಾರಿದರೆ ಹೊಲದವನು ಇನ್ನೂ ನೂರಡಿ ಹೋಗಲಿ ಎನ್ನುತ್ತಾನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ 'ಇನ್ನೂ ನೂರಡಿ' ಸಾವಿರ, ಸಾವಿರದ ಇನ್ನೂರು ಅಡಿಯನ್ನೂ ದಾಟಿದೆ.

ಕಾಯಿಗೆ ನೀರು ಗೊತ್ತಾಗುವುದಿಲ್ಲ. ಇದನ್ನು ಪರೀಕ್ಷಿಸಿ ನೋಡಿದ್ದಾರೆ. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ, ಎರಡು ಅಂತಸ್ತಿನ ಕೊಟ್ಟಿಗೆಯೊಂದರ ಕೆಳಂತಸ್ತಿನಲ್ಲಿ ನೀರು ಹರಿಯುವ ಕೊಳವೆಯನ್ನು ಬೇಕೆಂದ ಕಡೆಗೆ ಸರಿಸುತ್ತ, ಮೇಲಂತಸ್ತಿನಲ್ಲಿ ಕಡ್ಡಿ ಹಿಡಿದವರನ್ನು ನಡೆಸಲಾಯಿತು. ಸುಮಾರು 500 ಜನರಲ್ಲಿ ಮೇಲೆನಿಸಿದ 43 ಮಂದಿಯನ್ನು ಆರಿಸಿ 843 ಬಾರಿ ಪರೀಕ್ಷೆ ಮಾಡಿದರು. ನಡೆಸಿದವರು ಕೆಲವರಿಗಾದರೂ ಶಕ್ತಿಯಿದೆ ಎಂದೇ ವಾದಿಸಿದರು. ಅದೇ ಅಂಕಿಗಳನ್ನು ಜಿಮ್ ಎನ್‌ರೈಟ್ ಎಂಬ ವಿಜ್ಞಾನಿ ಮತ್ತೆ ಕೂಡಿ ಕಳೆದು ನೋಡಿದಾಗ ಉಳಿದದ್ದು ಕಣ್ಣುಮುಚ್ಚಿ ಬೆರಳಿಟ್ಟರೆ ಸಿಗುವಷ್ಟೇ ಫಲ. ಒಂದು ಸಲ ಸರಿ ಹೇಳಿದವರು ಇನ್ನೊಂದು ಸಲ ಹೇಳಲಿಲ್ಲ.

ಇಷ್ಟು ಹೇಳಿ ರೈತನನ್ನು ಮೂಢನೆಂದು ಕರೆದು ಕೈತೊಳೆದುಕೊಳ್ಳುವ ವೈಚಾರಿಕತೆ ನನ್ನದಲ್ಲ. ಎರಡೂವರೆ ಎಕರೆ ಇಟ್ಟುಕೊಂಡು, ಹೆಂಡತಿಯ ಒಡವೆ ಅಡವಿಟ್ಟು, ಕಂತಿನ ಮೇಲೆ ಸಾಲ ತಂದು, ಕಲ್ಲಿನ ಒಳಗೆ ಏನಿದೆ ಎಂಬುದು ತಿಳಿಯದೆ ನಿಂತವನಿಗೆ ಒಂದು ಆಸರೆ ಬೇಕಾಗುತ್ತದೆ. ಭೂವಿಜ್ಞಾನಿ ಅವನ ಹೊಲಕ್ಕೆ ಬರುವುದು ಅಪರೂಪ. ಬೋರು ಫೇಲಾದರೆ ನಷ್ಟ ಭರಿಸುವವರಿಲ್ಲ. ಗೊತ್ತಿಲ್ಲದ್ದರ ಭಾರವನ್ನೆಲ್ಲ ಒಬ್ಬನ ಹೆಗಲ ಮೇಲೆ ಹೊರಿಸಿದ ಮೇಲೆ ಅವನು ಕಾಯಿಯ ಕಡೆ ನೋಡುವುದನ್ನು ಅಪರಾಧ ಎನ್ನಲಾರೆ.

ನನ್ನ ತಕರಾರು ಬೇರೆ. ಕಾಯಿ ಹಿಡಿದವನ ನಂಬಿಕೆಯನ್ನು ಪ್ರಶ್ನಿಸುವ ನಾವು, ಸರ್ಕಾರದ ಕಡತದೊಳಗಿನ ನಂಬಿಕೆಯನ್ನು ಪ್ರಶ್ನಿಸುತ್ತಿಲ್ಲ. ನೆಲದಡಿಯ ನೀರು ಮುಗಿಯುವುದಿಲ್ಲ, ಒಬ್ಬನ ಬೋರಿಗೂ ಪಕ್ಕದವನ ಬೋರಿಗೂ ಸಂಬಂಧವಿಲ್ಲ, ಅಳೆಯದೆಯೇ ಹಂಚಬಹುದು: ಈ ಮೂರು ನಂಬಿಕೆಗಳ ಮೇಲೆ ನಮ್ಮ ಗ್ರಾಮೀಣ ನೀರಾವರಿ ನೀತಿ ನಾಲ್ಕೈದು ದಶಕಗಳಿಂದ ನಿಂತಿದೆ. 2019ರ ಮುಂಗಾರಿನ ಹೊತ್ತಿಗೆ ಮುಜರಾಯಿ ದೇವಸ್ಥಾನಗಳಲ್ಲಿ ಮಳೆಗಾಗಿ ಪರ್ಜನ್ಯ ಹೋಮ ಮಾಡಲು ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿದಾಗ ಅನೇಕರು ಖಂಡಿಸಿದರು. ಖಂಡಿಸಬೇಕಾದದ್ದೇ. ಆದರೆ ಹೋಮ ಒಂದು ಬೆಳಗಿನಲ್ಲಿ ಮುಗಿಯಿತು. ಈ ಮೂರು ನಂಬಿಕೆಗಳು ವರ್ಷವಿಡೀ, ಬಜೆಟ್ಟಿನ ಹಣದಲ್ಲಿ ನಡೆಯುತ್ತಿವೆ.

ಕಲ್ಲಿನ ಸ್ವಭಾವ ನೋಡಿ. ರಾಜ್ಯದ ದಕ್ಷಿಣದ ಬಯಲಿನ ಬಹುಭಾಗ ಗ್ರಾನೈಟ್ ಮತ್ತು ನೈಸ್ ಶಿಲೆ. ಮೇಲಿನ ಶಿಥಿಲ ಪದರದಲ್ಲಿ ನೀರು ನಿಲ್ಲುತ್ತದೆ, ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕು ವಿರಳ. ನಮ್ಮ ಅಜ್ಜಂದಿರ ತೆರೆದ ಬಾವಿಗಳು ಮೇಲಿನ ಪದರದ ನೀರನ್ನು, ಅಂದರೆ ಇತ್ತೀಚಿನ ಮಳೆಯ ನೀರನ್ನು ಕುಡಿಯುತ್ತಿದ್ದವು. ನಾವು ಬಹುಕಾಲದಿಂದ ಸಂದಿಯಲ್ಲಿ ಸೇರಿಕೊಂಡದ್ದನ್ನು ಎತ್ತುತ್ತಿದ್ದೇವೆ. ಕಲ್ಲಿನ ಒಡಲಲ್ಲಿ ಹೆಚ್ಚು ಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಂಡು ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲು ಕಂದುತ್ತದೆ, ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಮೂಳೆ ಬಾಗುತ್ತದೆ. ಪಾವಗಡದಲ್ಲಿ, ಕೋಲಾರದಲ್ಲಿ ಇದನ್ನು ಕಾಣಲು ಆಸ್ಪತ್ರೆಗೆ ಹೋಗಬೇಕಾಗಿಲ್ಲ, ಶಾಲೆಯ ಅಂಗಳಕ್ಕೆ ಹೋದರೆ ಸಾಕು.

ಇನ್ನು ಕರೆಂಟು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ. ಅಂಥ ಪಂಪ್‌ಸೆಟ್ಟುಗಳು ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು, ಸರ್ಕಾರ ಭರಿಸುವ ಸಬ್ಸಿಡಿ ವರ್ಷಕ್ಕೆ 10,000 ಕೋಟಿ ರೂಪಾಯಿ ದಾಟಿದೆ. ಬಹುಪಾಲು ಪಂಪುಗಳಿಗೆ ಮೀಟರಿಲ್ಲ. ರೈತನಿಗೆ ಸಹಾಯ ಬೇಡ ಎಂದು ನಾನು ಹೇಳುತ್ತಿಲ್ಲ, ಇನ್ನೂ ಹೆಚ್ಚು ಬೇಕು. ಈ ಸಹಾಯ ಯಾರಿಗೆ ಎಂದು ಕೇಳುತ್ತಿದ್ದೇನೆ. ನಾಲ್ಕು ಬೋರಿದ್ದವನಿಗೆ ನಾಲ್ಕು ಪಾಲು. ಬೋರು ಬತ್ತಿದವನಿಗೆ ಏನೂ ಇಲ್ಲ. ಮಳೆಯನ್ನೇ ನಂಬಿ ರಾಗಿ ಬಿತ್ತುವವನಿಗೆ, ಗುತ್ತಿಗೆ ಮಾಡುವವನಿಗೆ, ಕೂಲಿ ಹೆಂಗಸಿಗೆ ಏನೂ ಇಲ್ಲ. ಆಕೆ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಾಳೆ. ಅವಳ ಕಾಲಡಿಯಿಂದಲೇ ಬಿಟ್ಟಿ ಕರೆಂಟಿನಲ್ಲಿ ಎತ್ತಿದ ನೀರು ಟೊಮೆಟೊ ಆಗಿ ಮಂಡಿಗೆ ಹೋಗಿ, ಬೆಲೆ ಬಿದ್ದ ವಾರ ರಸ್ತೆಗೆ ಸುರಿಯುತ್ತದೆ.

ಸರ್ಕಾರವೇ ಬೋರು ಕೊರೆಸಿಕೊಡುವ ಗಂಗಾ ಕಲ್ಯಾಣ ಯೋಜನೆಯ ಆಶಯವನ್ನು ನಾನು ಮನಸಾರೆ ಒಪ್ಪುತ್ತೇನೆ. ಪರಿಶಿಷ್ಟರ, ಹಿಂದುಳಿದವರ ತುಂಡು ಭೂಮಿಗೂ ನೀರು ಸಿಗಬೇಕು. ಭೂಮಿ ಕೊಟ್ಟು ನೀರು ಕೊಡದ ನ್ಯಾಯ ಅರ್ಧ ನ್ಯಾಯ. ಆದರೆ ಅವರ ಸರದಿ ಬರುವ ಹೊತ್ತಿಗೆ ಮೇಲಿನ ನೀರನ್ನು ಮೊದಲು ಬಂದವರು ಎತ್ತಿ ಮುಗಿಸಿದ್ದಾರೆ. ಎಲ್ಲರೂ ಒಂದೇ ಹಂಡೆಗೆ ಚೊಂಬು ಅದ್ದುತ್ತಿರುವಾಗ ಕಡೆಯವನಿಗೆ ಹೊಸ ಚೊಂಬು ಕೊಟ್ಟರೆ ಹಂಡೆ ತುಂಬುವುದಿಲ್ಲ.

ಕಾನೂನಿಲ್ಲವೆ? ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೆಗೆಯಬಾರದೆಂದು 1999ರ ರಾಜ್ಯ ಕಾಯ್ದೆ ಹೇಳುತ್ತದೆ. 2011ರ ಅಂತರ್ಜಲ ಕಾಯ್ದೆ ಬೋರಿನ ನೋಂದಣಿ, ಅಧಿಸೂಚಿತ ಪ್ರದೇಶದಲ್ಲಿ ಅನುಮತಿ, ಕೊರೆಯುವ ಯಂತ್ರದ ನೋಂದಣಿ ಎಲ್ಲವನ್ನೂ ಹೇಳುತ್ತದೆ. ಅದರ ಬೆನ್ನಿಗೇ 1882ರ ಕಾಲದ ಅನುಭೋಗ ಹಕ್ಕಿನ ಕಾಯ್ದೆಯಿಂದ ಬಂದ ವಿಚಾರವೂ ಬದುಕಿದೆ: ನನ್ನ ಜಮೀನಿನ ಕೆಳಗಿನ ನೀರು ನನ್ನದು. ಬಿರುಕಿನಲ್ಲಿ ಹರಿಯುವ ನೀರಿಗೆ ಪಹಣಿ ಇಲ್ಲ, ಬದು ಇಲ್ಲ. ವಿಜ್ಞಾನ ತಿಳಿಯುವುದಕ್ಕೆ ಮುಂಚಿನ ಈ ವಿಚಾರವನ್ನು ಹಿಡಿದುಕೊಂಡೇ ನಾವು ಇಪ್ಪತ್ತೊಂದನೆಯ ಶತಮಾನದ ನೀರನ್ನು ಹಂಚುತ್ತಿದ್ದೇವೆ. ಹೊಸ ಕಾಯ್ದೆಗಳು ಊರಿನೊಳಗೆ ಕಾಲಿಡದಿರುವುದಕ್ಕೆ ಅಧಿಕಾರಿಗಳ ಸೋಮಾರಿತನವೊಂದೇ ಕಾರಣವಲ್ಲ. ಪಕ್ಕದವನ ಬೋರು ತಡೆಯದೆ ನನ್ನದನ್ನು ಮಾತ್ರ ತಡೆದರೆ ನಾನೇಕೆ ಒಪ್ಪಲಿ ಎಂಬ ಪ್ರಶ್ನೆಗೆ ಯಾವ ಕಾಯ್ದೆಯೂ ಉತ್ತರ ಕೊಟ್ಟಿಲ್ಲ.

ಹಿಂದಿನ ಕೆರೆಗಳ ಕಾಲ ಚೆನ್ನಾಗಿತ್ತು ಎಂದು ಹಾಡುವುದೂ ನನ್ನಿಂದಾಗದು. ಕೋಲಾರ ಸೀಮೆಯ ಸಾವಿರಾರು ಕೆರೆಗಳು ಅದ್ಭುತ ವ್ಯವಸ್ಥೆಯೇ ಹೌದು: ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬುತ್ತಿತ್ತು, ನೀರುಗಂಟಿ ತೂಬು ಎತ್ತಿ ಸರದಿಯ ಮೇಲೆ ಗದ್ದೆಗಳಿಗೆ ನೀರು ಬಿಡುತ್ತಿದ್ದ. ಆ ನೀರುಗಂಟಿ ಹೆಚ್ಚಾಗಿ ದಲಿತ. ಅಚ್ಚುಕಟ್ಟಿನ ಒಳ್ಳೆಯ ಗದ್ದೆಗಳು ಹೆಚ್ಚಾಗಿ ಬೇರೆಯವರವು. ಲೆಕ್ಕ, ಸರದಿ, ಕಟ್ಟುಪಾಡು ಅಲ್ಲಿಂದ ಕಲಿಯಬೇಕಾದದ್ದು. ಯಾರು ನೀರು ಬಿಡುತ್ತಾರೆ, ಯಾರು ಉಣ್ಣುತ್ತಾರೆ ಎಂಬ ಹಳೆಯ ಹಂಚಿಕೆ ಅಲ್ಲೇ ಉಳಿಯಲಿ.

2018ರಿಂದ ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧಗೊಳಿಸಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಅಲ್ಲಿನ ಹೋರಾಟಗಾರರ ಬೇಡಿಕೆ ನ್ಯಾಯವಾದದ್ದು. ನಗರದವರು ಮುಟ್ಟದ ನೀರನ್ನು ಹಳ್ಳಿಯವರು ಪರೀಕ್ಷೆಯಿಲ್ಲದೆ ಒಪ್ಪಬೇಕಿಲ್ಲ. ಈ ಯೋಜನೆ ಇನ್ನೊಂದನ್ನೂ ಕಣ್ಣೆದುರು ತೋರಿಸಿತು. ಕೆರೆ ತುಂಬಿದಾಗ ಸುತ್ತಲಿನ ಬೋರುಗಳಲ್ಲಿ ನೀರು ಮೇಲಕ್ಕೆ ಬಂತು. ಊರಿನ ಕೆರೆ ಎಲ್ಲರದಾದರೆ, ಅದರಿಂದ ಇಂಗಿ ಬೋರಿನಲ್ಲಿ ಏರಿದ ನೀರು ಒಬ್ಬನದಾಗುವುದು ಹೇಗೆ?

ಸಂವಿಧಾನದ 51ಎ(ಎಚ್) ವಿಧಿ ವೈಜ್ಞಾನಿಕ ಮನೋಭಾವವನ್ನೂ ಮಾನವತೆಯನ್ನೂ ಒಂದೇ ಸಾಲಿನಲ್ಲಿ ಇಟ್ಟಿದೆ. ಅದು ಸೇರಿದ 1976ರಲ್ಲೇ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ಪರೀಕ್ಷೆಗೆ ಸಮಿತಿ ನೇಮಿಸಿದರು. ಅವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದವರು, ಇದೇ ಬೋರಿನ ಸೀಮೆಯವರು. ಪ್ರಶ್ನೆ ಕೇಳುವ ಆ ಅಭ್ಯಾಸವನ್ನು ಬಾಬಾಗಳ ಬೂದಿಯ ಮುಂದೆ ಮಾತ್ರವಲ್ಲ, ಅಳತೆಯಿಲ್ಲದೆ ಹೊರಡುವ ಆದೇಶಗಳ ಮುಂದೆಯೂ ನಾವು ಇಟ್ಟುಕೊಳ್ಳಬೇಕಾಗಿದೆ.

ಅಳೆಯುವುದು ಹಳ್ಳಿಯವರಿಂದ ಆಗದ ಕೆಲಸವೇನಲ್ಲ. ನಮ್ಮ ಗಡಿಗೆ ಅಂಟಿದ ಅನಂತಪುರ, ಚಿತ್ತೂರು ಸೇರಿ ಆಗಿನ ಆಂಧ್ರದ 7 ಜಿಲ್ಲೆಗಳ 600ಕ್ಕೂ ಹೆಚ್ಚು ಊರುಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರೇ ಮಳೆ ಅಳೆದರು, ಬೋರಿನ ನೀರಿನ ಮಟ್ಟ ಅಳೆದರು, ಹಿಂಗಾರಿಗೆ ಮುಂಚೆ ಊರವರೆಲ್ಲ ಕೂತು ಎಷ್ಟಿದೆ, ಎಷ್ಟು ಬೇಕು ಎಂದು ಲೆಕ್ಕ ಹಾಕಿದರು. ಯಾರಿಗೂ ದಂಡ ಹಾಕಲಿಲ್ಲ, ಇಂಥ ಬೆಳೆ ಬೇಡವೆಂದು ಆಜ್ಞೆ ಮಾಡಲಿಲ್ಲ. ಲೆಕ್ಕ ಕಂಡ ಮೇಲೆ ಅನೇಕರು ತಾವಾಗಿಯೇ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ಹೋದರು. ಪಂಜಾಬಿನಲ್ಲಿ 2018ರಿಂದ ಇನ್ನೊಂದು ದಾರಿ ಪ್ರಯತ್ನಿಸಿದ್ದಾರೆ: ಪಂಪಿಗೆ ನಿಗದಿಯಾದ ಕರೆಂಟಿನಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ ರೈತನ ಖಾತೆಗೆ 4 ರೂಪಾಯಿ.

ನಮ್ಮ ಸಬ್ಸಿಡಿಯ ಹಣವನ್ನೂ ಪಂಪಿನ ಬದಲು ಮನುಷ್ಯನಿಗೆ ಕೊಡುವುದಕ್ಕೆ ಅಡ್ಡಿಯೇನು? ಬೋರಿದ್ದವನಿಗೆ ಮೀಟರಿನ ಮೇಲೆ ಉಳಿತಾಯದ ಪಾಲು ಸಿಗಲಿ. ಬೋರಿಲ್ಲದ ರಾಗಿ ರೈತನಿಗೆ ನೀರು ಎತ್ತದಿದ್ದುದಕ್ಕೆ ನೇರ ಸಹಾಯಧನ ಸಿಗಲಿ. ಫೇಲಾದ ಬೋರಿನ ಸಾಲಕ್ಕೆ ವಿಮೆಯಿರಲಿ. ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಆ ತಿಂಗಳ ನೀರಿನ ಮಟ್ಟ ಬರೆದಿರಲಿ. ತಾಲ್ಲೂಕಿಗೊಬ್ಬ ಭೂವಿಜ್ಞಾನಿಯನ್ನು ನೇಮಿಸಿ, ಲಾರಿ ಬರುವ ಮೊದಲು ಅವರು ಹೊಲಕ್ಕೆ ಬಂದು, ಇಲ್ಲಿ ಕೊರೆಯಬೇಡಿ ಎಂದು ಹೇಳುವ ಧೈರ್ಯವನ್ನೂ, ಹಾಗೆ ಹೇಳಿದ ಮೇಲೆ ಆ ಕುಟುಂಬಕ್ಕೆ ಬೇರೆ ದಾರಿ ತೋರಿಸುವ ಹಣವನ್ನೂ ಸರ್ಕಾರ ಅವರ ಕೈಗೆ ಕೊಡಲಿ.